ಗಣಿತದಲ್ಲಿ 96 ಅಂಕ, ಆದರೂ ‘ನನಗೆ ಗಣಿತ ಬರುವುದಿಲ್ಲ’ ಎನ್ನುವ ಮಗಳು

ಬೆಂಗಳೂರಿನ ಹೆಣ್ಣುಮಕ್ಕಳ ಪದವಿಪೂರ್ವ ಕಾಲೇಜೊಂದರಲ್ಲಿ 31 ವರ್ಷ ಗಣಿತ ಕಲಿಸಿ ನಿವೃತ್ತಳಾದವಳು ನಾನು. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದಿಂದ ಕಾಲೇಜುಗಳು ಆರಂಭವಾಗುವವರೆಗೆ ನನಗೆ ಬರುವ ಪತ್ರಗಳಲ್ಲಿ ಕೆಲವು ಪ್ರಶ್ನೆಗಳು ವರ್ಷ ವರ್ಷವೂ ಅಕ್ಷರ ಬದಲಾಗದೆ ಮರಳುತ್ತವೆ. ಒಬ್ಬೊಬ್ಬರಿಗೇ ಬರೆದು ಬರೆದು ತಾಳ್ಮೆ ತೀರುತ್ತ ಬಂದಿರುವುದರಿಂದ ಈ ಸಲ ಎಲ್ಲಕ್ಕೂ ಇಲ್ಲಿಯೇ ಉತ್ತರಿಸುತ್ತಿದ್ದೇನೆ. ಹೆಣ್ಣುಮಕ್ಕಳಿಗೆ ಗಣಿತ ಏಕೆ ಬೇಕು ಎಂಬುದನ್ನು ವಿವರಿಸುವ ಅಗತ್ಯವಿದೆಯೆಂದು ನಾನು ಭಾವಿಸಿಲ್ಲ.

ಪ್ರಶ್ನೆ: ನನ್ನ ಮಗಳು ಹೆಣ್ಣುಮಕ್ಕಳ ಪ್ರೌಢಶಾಲೆಯಲ್ಲಿ ಓದಿ ಎಸ್‌ಎಸ್‌ಎಲ್‌ಸಿ ಗಣಿತದಲ್ಲಿ 96 ಅಂಕ ಪಡೆದಿದ್ದಾಳೆ. ಆದರೂ ತನಗೆ ಗಣಿತ ಬರುವುದಿಲ್ಲ, ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ) ಬೇಡ, ಕಾಮರ್ಸ್ ತೆಗೆದುಕೊಳ್ಳುತ್ತೇನೆ ಎಂದು ಹಟ ಹಿಡಿದಿದ್ದಾಳೆ. ಅವಳಿಗೆ ಧೈರ್ಯ ತುಂಬುವುದು ಹೇಗೆ? (ರಾಜಾಜಿನಗರದ ತಾಯಿಯೊಬ್ಬರು)

ಉತ್ತರ: ಧೈರ್ಯ ತುಂಬುವ ಮೊದಲು ಅವಳ ಮಾತನ್ನು ನಂಬಿ. ಇಂಥ ಮಗುವಿಗೆ ತಂದೆತಾಯಿ, ಚಿಕ್ಕಪ್ಪ, ಟ್ಯೂಷನ್ ಮೇಷ್ಟ್ರು ಎಲ್ಲರೂ ‘96 ಬಂದಿದೆಯಲ್ಲ, ಇನ್ನೇನು ಭಯ’ ಎನ್ನುತ್ತಾರೆ. ತಾನು ಆ ಅಂಕವನ್ನು ಹೇಗೆ ಗಳಿಸಿದೆನೆಂಬುದು ಅವಳೊಬ್ಬಳಿಗೇ ಗೊತ್ತಿರುತ್ತದೆ, ಹೇಳಿಕೊಳ್ಳಲು ಯಾರೂ ಇರುವುದಿಲ್ಲ.

ಪ್ರಥಮ ಪಿಯುಸಿಯ ಮೊದಲ ವಾರದಲ್ಲಿ ನಾನು ಪ್ರತಿವರ್ಷ ಒಂದು ಕೆಲಸ ಮಾಡುತ್ತಿದ್ದೆ. ಹತ್ತನೇ ತರಗತಿಯಲ್ಲಿ ಎಲ್ಲರೂ ಓದಿ ಬಂದಿರುವ ಥೇಲ್ಸನ ಪ್ರಮೇಯವನ್ನೇ (ತ್ರಿಭುಜದ ಒಂದು ಭುಜಕ್ಕೆ ಸಮಾಂತರವಾಗಿ ಎಳೆದ ಗೆರೆ ಉಳಿದೆರಡು ಭುಜಗಳನ್ನು ಒಂದೇ ಅನುಪಾತದಲ್ಲಿ ವಿಭಾಗಿಸುತ್ತದೆ ಎಂಬುದನ್ನು) ಬರೆಯಲು ಹೇಳುತ್ತಿದ್ದೆ. ಒಂದು ವರ್ಷ ಮೊದಲ ಬೆಂಚಿನ ಹುಡುಗಿಯೊಬ್ಬಳು ದತ್ತ, ಸಾಧನೀಯ, ರಚನೆ, ಸಾಧನೆ ಎಂದು ನಾಲ್ಕು ತಲೆಬರಹಗಳನ್ನು ಹಸಿರು ಶಾಯಿಯಲ್ಲಿ ಬರೆದು, ಸ್ಕೇಲಿನಿಂದ ಅಡಿಗೆರೆ ಎಳೆದು, ಏಳು ನಿಮಿಷದಲ್ಲಿ ಒಂದು ತಪ್ಪೂ ಇಲ್ಲದೆ ಮುಗಿಸಿದಳು. ಅವಳ ಎಸ್‌ಎಸ್‌ಎಲ್‌ಸಿ ಅಂಕ ನಿಮ್ಮ ಮಗಳ ಅಂಕಕ್ಕಿಂತ ಎರಡು ಹೆಚ್ಚಿತ್ತು. ಆಮೇಲೆ ನಾನು ಬೋರ್ಡಿನ ಮೇಲೆ ಅದೇ ತ್ರಿಭುಜವನ್ನು ತಲೆಕೆಳಗಾಗಿ, ಶೃಂಗ ಕೆಳಗೆ ಬರುವಂತೆ ಎಳೆದು, ಎಬಿಸಿಯ ಬದಲು ಪಿಕ್ಯುಆರ್ ಎಂದು ಹೆಸರಿಟ್ಟು, ಇದಕ್ಕೆ ಬರೆಯಿರಿ ಎಂದೆ. ಅವಳು ಚಿತ್ರವನ್ನು ನಕಲು ಮಾಡಿಕೊಂಡು, ಎರಡನೆಯ ಸಾಲಿನಲ್ಲೇ ಈ ಚಿತ್ರದಲ್ಲಿ ಇಲ್ಲದ ‘ಬಿ-ಸಿ’ ಭುಜವನ್ನು ಬರೆದಳು, ಅಳಿಸಿದಳು, ಮತ್ತೆ ಬರೆದಳು, ಮತ್ತೆ ಅಳಿಸಿದಳು. ಹಾಳೆ ತೂತಾಗುವವರೆಗೂ ರಬ್ಬರ್ ಕೈಯಿಂದ ಕೆಳಗಿಳಿಯಲಿಲ್ಲ. ನಾನು ಹತ್ತಿರ ಹೋಗಿ, ಸಾಧನೆಯ ನಡುವೆ ಎರಡು ತ್ರಿಭುಜಗಳ ವಿಸ್ತೀರ್ಣ ಸಮವೆಂದು ಬರೆದಿದ್ದೀಯಲ್ಲ, ಏಕೆ ಸಮ ಎಂದು ಕೇಳಿದೆ. ‘ಪುಸ್ತಕದಲ್ಲಿ ಹಾಗೇ ಇದೆ, ಮಿಸ್’ ಎಂದಳು.

ಅವಳದೇ ನೋಟುಬುಕ್ಕಿನ ಒಂದು ಗೆರೆಯ ಮೇಲೆ ಪಾದವನ್ನಿಟ್ಟು, ಐದು ಗೆರೆ ಮೇಲಿನ ಗೆರೆಯಲ್ಲಿ ಎಲ್ಲಿ ಬೇಕಾದರೂ ಶೃಂಗವನ್ನಿಟ್ಟುಕೊಂಡು ಆರು ತ್ರಿಭುಜ ಎಳೆ ಎಂದೆ. ನಾಲ್ಕನೆಯದನ್ನು ಎಳೆಯುವಾಗ ಕೈ ನಿಂತಿತು. ಶೃಂಗ ಎಷ್ಟು ದೂರ ಜಾರಿದರೂ ಎತ್ತರ ಐದು ಗೆರೆಯೇ, ಪಾದವೂ ಅದೇ, ಹಾಗಾದರೆ ವಿಸ್ತೀರ್ಣ ಬದಲಾಗುವುದು ಸಾಧ್ಯವೇ ಇಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಆ ದಿನ ಅವಳು ತಲೆಕೆಳಗಾದ ತ್ರಿಭುಜಕ್ಕೆ ಬರೆದ ಸಾಧನೆಯಲ್ಲಿ ಹಸಿರು ಶಾಯಿ ಇರಲಿಲ್ಲ, ಎರಡು ಕಡೆ ಹೊಡೆದು ಹಾಕಿದ ಸಾಲುಗಳಿದ್ದವು. ನನ್ನ ಲೆಕ್ಕದಲ್ಲಿ ಅವಳು ಗಣಿತ ಮಾಡಿದ್ದು ಅಂದೇ ಮೊದಲು.

ಹೆಣ್ಣುಮಕ್ಕಳ ಶಾಲೆಗಳ ಬಗೆಗೆ ನನಗೆ ಪ್ರೀತಿಯಿದೆ, ಬದುಕಿನ ಬಹುಭಾಗವನ್ನು ಅಲ್ಲಿಯೇ ಕಳೆದಿದ್ದೇನೆ. ಆದರೆ ಅಲ್ಲಿ ನಾವು ಹೆಚ್ಚು ಹೊಗಳುವುದು ಅಂದವಾದ ಅಕ್ಷರವನ್ನು, ಹೊಡೆದು ಹಾಕದ ಪುಟವನ್ನು ಮತ್ತು ಸದ್ದಿಲ್ಲದ ತರಗತಿಯನ್ನು. ಹತ್ತು ವರ್ಷ ಈ ಹೊಗಳಿಕೆಯಲ್ಲಿ ಬೆಳೆದ ಹುಡುಗಿಗೆ ತಪ್ಪು ಮಾಡುವುದೆಂದರೆ ಅವಮಾನವೆನಿಸುತ್ತದೆ. ಗಣಿತದಲ್ಲಾದರೋ ಹೊಸ ಸಮಸ್ಯೆಯ ಮುಂದೆ ಕುಳಿತವರು ಮೊದಲ ಅರ್ಧ ಗಂಟೆ ತಪ್ಪು ದಾರಿಯಲ್ಲೇ ನಡೆಯುತ್ತಾರೆ, ಅದು ಎಲ್ಲರ ಪಾಡು. ಇದನ್ನು ಯಾರೂ ಹೇಳಿಕೊಡದಿದ್ದರೆ, ಆ ಅರ್ಧ ಗಂಟೆಯನ್ನೇ ಅವಳು ‘ನನಗೆ ಬರುವುದಿಲ್ಲ’ ಎಂಬುದಕ್ಕೆ ಸಾಕ್ಷಿಯಾಗಿ ತೆಗೆದುಕೊಳ್ಳುತ್ತಾಳೆ. ಹಾಗಾಗಿ ನನ್ನ ತರಗತಿಯಲ್ಲಿ ರಬ್ಬರ್ ನಿಷಿದ್ಧವಾಗಿತ್ತು. ತಪ್ಪಿದ ಸಾಲಿನ ಮೇಲೆ ಒಂದೇ ಗೆರೆ ಎಳೆಯಬೇಕು, ಕೆಳಗೆ ಮುಂದುವರಿಯಬೇಕು, ಎಲ್ಲಿ ತಪ್ಪಿತೆಂಬುದು ಓದಲು ಬರುವಂತಿರಬೇಕು.

ತಪ್ಪು ಮಾಡಲು ಬಿಡದಿರುವುದು ಪ್ರಯೋಗಾಲಯದಲ್ಲಿ ಇನ್ನೂ ಕೆಟ್ಟ ರೂಪ ತಾಳುತ್ತದೆ. ಪ್ರಾಯೋಗಿಕ ಪರೀಕ್ಷೆಯ ಮೇಲ್ವಿಚಾರಣೆಗೆಂದು ಒಮ್ಮೆ ನಗರದ ಹೆಣ್ಣುಮಕ್ಕಳ ಕಾಲೇಜೊಂದಕ್ಕೆ ಹೋಗಿದ್ದಾಗ, ಎಲ್ಲ ಮೇಜುಗಳ ಮೇಲೂ ವಿದ್ಯುತ್ ರೋಧ ಅಳೆಯುವ ಉಪಕರಣವಾದ ಮೀಟರ್ ಬ್ರಿಡ್ಜಿನ ತಂತಿಗಳನ್ನು ಅಟೆಂಡರ್ ಮೊದಲೇ ಜೋಡಿಸಿಟ್ಟಿದ್ದ. ಹುಡುಗಿಯರು ಬಂದು ಜಾಕಿಯನ್ನು ತಂತಿಯ ಮೇಲೆ ಸರಿಸಿ, ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬಂದಾಗ ಅಳತೆ ಬರೆದುಕೊಂಡು ಹೋಗುತ್ತಿದ್ದರು. ಕೇಳಿದ್ದಕ್ಕೆ ‘ಹೆಣ್ಣುಮಕ್ಕಳು, ಶಾಕ್ ಹೊಡೆದೀತು’ ಎಂಬ ಉತ್ತರ ಬಂತು. ಎರಡು ವೋಲ್ಟಿನ ಸೆಲ್ಲಿನಿಂದ ಯಾರಿಗೂ ಶಾಕ್ ಹೊಡೆಯುವುದಿಲ್ಲ. ಹುಡುಗರಿಲ್ಲದ ಪ್ರಯೋಗಾಲಯದಲ್ಲಿ ಸ್ಕ್ರೂಡ್ರೈವರ್ ಹುಡುಗಿಯ ಕೈಗೇ ಬರಬೇಕಾಗಿತ್ತು. ಈ ಶಾಲೆಗಳು ಕೊಡಬಲ್ಲ ಅತಿ ದೊಡ್ಡ ಅನುಕೂಲ ಅದೇ ಆಗಿದ್ದು, ಅದನ್ನೇ ನಾವು ಕಾಳಜಿಯ ಹೆಸರಿನಲ್ಲಿ ಕಿತ್ತುಕೊಳ್ಳುತ್ತೇವೆ. ಆ ಸಂಜೆಯ ಸಿಟ್ಟು ಇಂದಿಗೂ ಆರಿಲ್ಲ.

ಬೇರೆ ರೀತಿ ನಡೆದುಕೊಂಡ ಶಾಲೆಯೊಂದನ್ನು ಹೇಳುತ್ತೇನೆ. 2014ರಲ್ಲಿ ಗಣಿತದ ಅತ್ಯುನ್ನತ ಗೌರವಗಳಲ್ಲೊಂದಾದ ಫೀಲ್ಡ್ಸ್ ಪದಕ ಪಡೆದ ಮೊದಲ ಮಹಿಳೆ ಮರ್ಯಮ್ ಮಿರ್ಜಾಖಾನಿ ಓದಿದ್ದು ಟೆಹರಾನಿನ ಹೆಣ್ಣುಮಕ್ಕಳ ಶಾಲೆಯಲ್ಲಿ. ಮಾಧ್ಯಮಿಕ ಶಾಲೆಯ ಮೊದಲ ವರ್ಷ ಅವರ ಗಣಿತ ಚೆನ್ನಾಗಿರಲಿಲ್ಲ, ಶಿಕ್ಷಕಿ ಅವರಲ್ಲಿ ವಿಶೇಷವೇನನ್ನೂ ಕಾಣಲಿಲ್ಲ, ಅವರೂ ಆಸಕ್ತಿ ಕಳೆದುಕೊಂಡರು. ಮರುವರ್ಷ ಉತ್ತೇಜನ ಕೊಡುವ ಶಿಕ್ಷಕಿ ಸಿಕ್ಕರು. ಮುಂದೆ ಅವರೂ ಅವರ ಗೆಳತಿಯೂ ಶಾಲಾ ವಿದ್ಯಾರ್ಥಿಗಳ ಒಲಿಂಪಿಯಾಡ್ ಎಂಬ ಸ್ಪರ್ಧೆಯ ಆರು ಸಮಸ್ಯೆಗಳನ್ನು ಹೇಗೋ ಸಂಪಾದಿಸಿ, ದಿನಗಟ್ಟಲೆ ಕುಳಿತು ಮೂರನ್ನು ಬಿಡಿಸಿದರು. ಬಳಿಕ ಪ್ರಾಂಶುಪಾಲರ ಬಳಿ ಹೋಗಿ, ಹುಡುಗರ ಶಾಲೆಯಲ್ಲಿ ನಡೆಯುವಂಥ ಸಮಸ್ಯೆ ಬಿಡಿಸುವ ತರಗತಿ ತಮಗೂ ಬೇಕೆಂದು ಕೇಳಿದರು. ಇರಾನಿನ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ ತಂಡದಲ್ಲಿ ಅಲ್ಲಿಯವರೆಗೆ ಹುಡುಗಿಯರೇ ಇರಲಿಲ್ಲ. ಆದರೂ ಆ ಪ್ರಾಂಶುಪಾಲರು ತರಗತಿ ಏರ್ಪಡಿಸಿದರು. ಮಿರ್ಜಾಖಾನಿ 1994 ಮತ್ತು 1995ರಲ್ಲಿ ಆ ಒಲಿಂಪಿಯಾಡಿನಲ್ಲಿ ಚಿನ್ನ ಗೆದ್ದರು, ಎರಡನೆಯ ಸಲ ಪೂರ್ಣಾಂಕ. ಆರರಲ್ಲಿ ಮೂರು ಬಿಡಿಸಿ ಬಂದವರನ್ನು ‘ಉಳಿದ ಮೂರು?’ ಎಂದು ಕೇಳಿ ಕಳಿಸಿದ್ದರೆ ಏನಾಗುತ್ತಿತ್ತೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಇನ್ನು ನೀವು ಮಾಡಬೇಕಾದ್ದು. ಬೇಸಗೆ ಕೋಚಿಂಗಿಗೆ ಸೇರಿಸಬೇಡಿ, ಅಲ್ಲಿ ಮತ್ತಷ್ಟು ಬಾಯಿಪಾಠವಾಗುತ್ತದೆ. ಒಂದು ಶನಿವಾರ ಮಗಳನ್ನು ಎಲೆಕ್ಟ್ರಾನಿಕ್ ಸಾಮಾನು ಸಿಗುವ ಎಸ್‌ಪಿ ರಸ್ತೆಗೆ ಕರೆದುಕೊಂಡು ಹೋಗಿ ಬೆಸುಗೆಯಿಲ್ಲದೆ ಸರ್ಕ್ಯೂಟ್ ಜೋಡಿಸುವ ಒಂದು ಬ್ರೆಡ್‌ಬೋರ್ಡ್, ಕೆಂಪು ಎಲ್‌ಇಡಿಗಳು, ಒಂಬತ್ತು ವೋಲ್ಟಿನ ಬ್ಯಾಟರಿ ಕೊಡಿಸಿ. ಎಲ್‌ಇಡಿ ಸುಡದಂತೆ ವಿದ್ಯುತ್ ಪ್ರವಾಹವನ್ನು ತಗ್ಗಿಸುವ ರೆಸಿಸ್ಟರ್ ಎಷ್ಟು ಓಮ್‌ನದು ಬೇಕೆಂಬುದನ್ನು ಅವಳೇ ಅಂಗಡಿಯವರಿಗೆ ಹೇಳಲಿ. ಕೆಂಪು ಎಲ್‌ಇಡಿಗೆ ಸುಮಾರು ಎರಡು ವೋಲ್ಟ್ ಸಾಕು, ಪ್ರವಾಹ 20 ಮಿಲಿಆಂಪಿಯರ್ ಮೀರಬಾರದೆಂದು ಇಟ್ಟುಕೊಂಡರೆ ಉಳಿದ ಏಳು ವೋಲ್ಟಿಗೆ 350 ಓಮ್ ಬೇಕೆಂದು ಹತ್ತನೇ ತರಗತಿಯ ಲೆಕ್ಕವೇ ಹೇಳುತ್ತದೆ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 330 ಮತ್ತು 390. ಯಾವುದನ್ನು ಆರಿಸುತ್ತಾಳೆ, ಏಕೆ ಎಂದು ಕೇಳಿ, ಉತ್ತರಕ್ಕೆ ಕಾಯಿರಿ, ನೀವಾಗಿ ಹೇಳಬೇಡಿ. ಒಂದೆರಡು ಎಲ್‌ಇಡಿ ಸುಟ್ಟುಹೋದರೆ ಹೋಗಲಿ. ಇದಾದ ಮೇಲೂ ಅವಳಿಗೆ ಕಾಮರ್ಸ್ ಬೇಕೆನಿಸಿದರೆ ಸಂತೋಷದಿಂದ ಸೇರಿಸಿ. ಲೆಕ್ಕಶಾಸ್ತ್ರವನ್ನು ಇಷ್ಟಪಟ್ಟು ಹೋಗುವವಳ ಬಗೆಗೆ ನನ್ನ ತಕರಾರಿಲ್ಲ, ಗಣಿತಕ್ಕೆ ಹೆದರಿ ಹೋಗುವವಳ ಬಗೆಗೆ ಇದೆ.

ಪ್ರಶ್ನೆ: ಹೆಣ್ಣುಮಕ್ಕಳ ಶಾಲೆಗೇ ಸೇರಿಸಿದರೆ ಗಣಿತದಲ್ಲಿ ಮುಂದೆ ಬರುತ್ತಾರಂತೆ, ನಿಜವೇ?

ಉತ್ತರ: ಗೋಡೆಯಿಂದ ಯಾರೂ ಗಣಿತ ಕಲಿಯುವುದಿಲ್ಲ. 21 ದೇಶಗಳ 16 ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡ 184 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದ ವಿಶ್ಲೇಷಣೆಯೊಂದು 2014ರಲ್ಲಿ ಪ್ರಕಟವಾಯಿತು. ಮಕ್ಕಳ ಹಿನ್ನೆಲೆಯ ವ್ಯತ್ಯಾಸವನ್ನು ಸರಿದೂಗಿಸಿ ನೋಡಿದ ಅಧ್ಯಯನಗಳಲ್ಲಿ ಪ್ರತ್ಯೇಕ ಶಾಲೆಯ ಲಾಭ ಅತ್ಯಲ್ಪ ಅಥವಾ ಇಲ್ಲವೇ ಇಲ್ಲ ಎನ್ನುವಷ್ಟಿತ್ತು. ಶಾಲೆ ನೋಡಲು ಹೋದಾಗ ಪ್ರಯೋಗಾಲಯದ ಬಾಗಿಲು ತೆಗೆಸಿ, ಉಪಕರಣಗಳ ಮೇಲೆ ಧೂಳಿದೆಯೇ ನೋಡಿ. ಹೆಣ್ಣುಮಕ್ಕಳ ಪಿಯು ಕಾಲೇಜಾದರೆ ಪಿಸಿಎಂಸಿ ಅಥವಾ ಪಿಸಿಎಂಇ (ಕಂಪ್ಯೂಟರ್ ಬದಲು ಎಲೆಕ್ಟ್ರಾನಿಕ್ಸ್) ವಿಭಾಗ ಇದೆಯೇ ಎಂದು ವಿಚಾರಿಸಿ.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನನಗೇ ಗಣಿತವೆಂದರೆ ಅಷ್ಟಕ್ಕಷ್ಟೆ, ಆದರೆ ಮಕ್ಕಳ ಮುಂದೆ ತೋರಿಸಿಕೊಳ್ಳುವುದಿಲ್ಲ. ಸಾಕಲ್ಲವೇ?

ಉತ್ತರ: ಸಾಲದು. ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಮತ್ತು ಎರಡನೇ ತರಗತಿಯ 17 ಶಿಕ್ಷಕಿಯರನ್ನೂ ಅವರ ಮಕ್ಕಳನ್ನೂ ವರ್ಷವಿಡೀ ಗಮನಿಸಿ 2010ರಲ್ಲಿ ವರದಿ ಮಾಡಿದ್ದಾರೆ. ವರ್ಷದ ಆರಂಭದಲ್ಲಿ ಶಿಕ್ಷಕಿಯ ಭಯಕ್ಕೂ ಮಕ್ಕಳ ಗಣಿತಕ್ಕೂ ಸಂಬಂಧವಿರಲಿಲ್ಲ. ವರ್ಷದ ಕೊನೆಗೆ, ಹೆಚ್ಚು ಭಯವಿದ್ದ ಶಿಕ್ಷಕಿಯರ ತರಗತಿಗಳಲ್ಲಿ ‘ಗಣಿತ ಹುಡುಗರದು, ಓದು ಹುಡುಗಿಯರದು’ ಎಂದು ನಂಬುವ ಹುಡುಗಿಯರು ಹೆಚ್ಚಿದ್ದರು ಮತ್ತು ಹಾಗೆ ನಂಬಿದವರ ಗಣಿತ ಹಿಂದೆ ಬಿದ್ದಿತ್ತು. ಹುಡುಗರಲ್ಲಿ ಇಂಥ ಪರಿಣಾಮ ಕಾಣಲಿಲ್ಲ. ಎಲ್ಲರೂ ಹುಡುಗಿಯರೇ ಆಗಿ, ಕಲಿಸುವವರೂ ಮಹಿಳೆಯರೇ ಆಗಿರುವ ಕಡೆ ಇದು ಎಷ್ಟು ದೊಡ್ಡ ಮಾತೆಂದು ಯೋಚಿಸಿ. ಭಿನ್ನರಾಶಿಯ ಪಾಠಕ್ಕೆ ಮೊದಲು ಸಹೋದ್ಯೋಗಿಯೊಬ್ಬರ ಜೊತೆ ಕುಳಿತು ನಿಮ್ಮ ಅನುಮಾನಗಳನ್ನು ಬಗೆಹರಿಸಿಕೊಳ್ಳಿ, ಅದರಲ್ಲಿ ನಾಚಿಕೆಯಿಲ್ಲ. ಗೊತ್ತಿಲ್ಲದ್ದನ್ನು ಮಕ್ಕಳು ಕೇಳಿದಾಗ ಅವರ ಎದುರಿಗೇ ಬೋರ್ಡಿನ ಮೇಲೆ ಪ್ರಯತ್ನಿಸಿ, ತಪ್ಪಿ, ತಿದ್ದಿಕೊಳ್ಳಿ.

ಪ್ರಶ್ನೆ: ಮಗಳ ಮಿಡ್‌ಬ್ರೈನ್ ಆ್ಯಕ್ಟಿವೇಶನ್ ಮಾಡಿಸಿದರೆ ಲೆಕ್ಕ ಚುರುಕಾಗುತ್ತದೆಂದು ಬಡಾವಣೆಯಲ್ಲಿ ಹೇಳುತ್ತಿದ್ದಾರೆ, ಸೇರಿಸಲೇ?

ಉತ್ತರ: ಅದು ಶುದ್ಧ ಮೋಸ. ಕಣ್ಣಿಗೆ ಬಟ್ಟೆ ಕಟ್ಟಿದರೂ ಓದಬಲ್ಲರೆಂದು ಅವರು ಪ್ರದರ್ಶನದಲ್ಲಿ ತೋರಿಸುವ ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ನೋಡಿ ಓದುತ್ತಾರೆ. ಸಾವಿರಾರು ರೂಪಾಯಿ ಕೊಟ್ಟು ಮಗುವಿಗೆ ಸುಳ್ಳು ಹೇಳುವುದನ್ನು ಕಲಿಸುತ್ತೀರಿ. ಅಬ್ಯಾಕಸ್ ಮೋಸವಲ್ಲ, ಆದರೆ ಅದು ಕೊಡುವುದು ವೇಗದ ಲೆಕ್ಕವನ್ನು ಮಾತ್ರ. ಈ ಊರಿನಲ್ಲೇ ಹುಟ್ಟಿದ ಶಕುಂತಲಾ ದೇವಿ 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡುಗಳಲ್ಲಿ ಗುಣಿಸಿದರು. ಅದು ಅಪೂರ್ವ ಪ್ರತಿಭೆ, ಎಂಜಿನಿಯರಿಂಗಿಗೆ ಬೇಕಾದ ಅರ್ಹತೆ ಅದಲ್ಲ.

ಪ್ರಶ್ನೆ: ಹುಡುಗಿಯರಿಗೆ ವಸ್ತುಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿ ಕಡಿಮೆ, ಎಂಜಿನಿಯರಿಂಗ್ ಡ್ರಾಯಿಂಗಿನಲ್ಲಿ ಫೇಲಾಗುತ್ತಾರೆ ಎನ್ನುತ್ತಾರಲ್ಲ?

ಉತ್ತರ: ಆ ಶಕ್ತಿ ಅಭ್ಯಾಸದಿಂದ ಬರುತ್ತದೆ. ಅಮೆರಿಕದ ಮಿಷಿಗನ್ ಟೆಕ್ನಲಾಜಿಕಲ್ ವಿಶ್ವವಿದ್ಯಾಲಯದಲ್ಲಿ ಶೆರಿಲ್ ಸಾರ್ಬಿ ಎಂಬ ಪ್ರಾಧ್ಯಾಪಕಿ 1993ರಿಂದ ಇದಕ್ಕೆಂದೇ ಸಣ್ಣ ಕೋರ್ಸ್ ನಡೆಸಿ ತೋರಿಸಿದ್ದಾರೆ, ಅವರೂ ವಿದ್ಯಾರ್ಥಿನಿಯಾಗಿದ್ದಾಗ ಡ್ರಾಯಿಂಗಿನಲ್ಲಿ ಪರದಾಡಿದವರೇ. ಮನೆಯಲ್ಲಿ ಒಂದು ಬಾರ್ ಸೋಪನ್ನು ಓರೆಯಾಗಿ ಕತ್ತರಿಸಿ, ಮೇಲಿನಿಂದ, ಎದುರಿನಿಂದ, ಪಕ್ಕದಿಂದ ಹೇಗೆ ಕಾಣುತ್ತದೆಂದು ಬರೆಯಿಸಿ. ಮೊದಲು ಊಹಿಸಿ ಬರೆಯಬೇಕು, ಆಮೇಲೆ ನೋಡಬೇಕು.

ಪ್ರಶ್ನೆ: ಐಐಟಿಗಳಲ್ಲಿ ಹುಡುಗಿಯರಿಗೆ ಕೊಡುವ ಸೀಟು ಹುಡುಗರದನ್ನು ಕಿತ್ತು ಕೊಟ್ಟದ್ದಲ್ಲವೇ?

ಉತ್ತರ: ಅಲ್ಲ. 2018ರಿಂದ ಸೇರಿಸಿದ ಆ ಸೀಟುಗಳು ಹೆಚ್ಚುವರಿ, ಇದ್ದ ಸೀಟುಗಳು ಕಡಿಮೆಯಾಗಿಲ್ಲ.

ಪ್ರಶ್ನೆ: ಎಂಜಿನಿಯರಿಂಗ್ ಓದಿಸಿದರೆ ಮುಂದೆ ಸರಿಯಾದ ವರ ಸಿಗುವುದು ಕಷ್ಟವಾಗದೇ?

ಉತ್ತರ: ಮಗನ ವಿಷಯದಲ್ಲಿ ಯಾರೂ ಕೇಳದ ಪ್ರಶ್ನೆಗೆ ನಾನು ಉತ್ತರಿಸುವುದಿಲ್ಲ.

ಪ್ರಶ್ನೆ: ಮಗಳಿಗೆ ಗಣಿತವೇ ಇಷ್ಟ, ಎಂಜಿನಿಯರಿಂಗಿನ ಬಗೆಗೆ ಇನ್ನೂ ನಿರ್ಧರಿಸಿಲ್ಲ. ಬಿ.ಎಸ್ಸಿ. ಗಣಿತ ತೆಗೆದುಕೊಂಡರೆ ದಾರಿ ಮುಚ್ಚಿಹೋಗುತ್ತದೆಯೇ? (ಒಂಬತ್ತನೇ ತರಗತಿ ಹುಡುಗಿಯ ತಂದೆ, ಮಲ್ಲೇಶ್ವರ)

ಉತ್ತರ: ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಹೆಸರಾದ ರಾಜೇಶ್ವರಿ ಚಟರ್ಜಿ ಇದೇ ಊರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದವರು. ಆಮೇಲೆ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು, 1953ರಲ್ಲಿ ಮರಳಿ ಬಂದು ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು. ಹೀಗಿದ್ದರೂ ಈ ಪ್ರಶ್ನೆಗೆ ಉತ್ತರಿಸುವಾಗ ನಾನು ಎಚ್ಚರ ವಹಿಸುತ್ತೇನೆ. ವೃತ್ತಿಯ ಆರಂಭದ ವರ್ಷಗಳಲ್ಲಿ, ಮೆಕ್ಯಾನಿಕಲ್ ಓದಬೇಕೆಂದು ಆಸೆಪಟ್ಟ ವಿದ್ಯಾರ್ಥಿನಿಯೊಬ್ಬಳಿಗೆ, ಮನೆಯವರು ಒಪ್ಪುವುದಿಲ್ಲ, ಬಿ.ಎಸ್ಸಿ. ಸಾಕು ಎಂದು ನಾನೇ ಹೇಳಿ ಒಪ್ಪಿಸಿದೆ. ಅವಳು ಪದವಿಯನ್ನು ಮುಗಿಸಿದಳು, ಮತ್ತೆ ಗಣಿತದ ಮಾತೆತ್ತಲಿಲ್ಲ. ಆದ್ದರಿಂದ ಯಾವುದು ಬೇಕೆಂದು ಮಗಳನ್ನೇ ಕೇಳಿ, ನನ್ನನ್ನು ಕೇಳಬೇಡಿ. ನಿರ್ಧರಿಸಲು ಅವಳಿಗೆ ಇನ್ನೂ ಮೂರು ವರ್ಷವಿದೆ. ಅಲ್ಲಿಯವರೆಗೆ ಗಣಿತ ಒಲಿಂಪಿಯಾಡಿಗೆ ಭಾರತದಲ್ಲಿ ಮೊದಲ ಹಂತದ ಪರೀಕ್ಷೆಯಾದ ಐಒಕ್ಯುಎಂ ಬರೆಯಲಿ. ಹುಡುಗಿಯರಿಗೆಂದೇ ಇರುವ ಯುರೋಪಿಯನ್ ಗಣಿತ ಒಲಿಂಪಿಯಾಡಿಗೆ 2015ರಿಂದ ಭಾರತದ ನಾಲ್ವರು ಹುಡುಗಿಯರ ತಂಡ ಹೋಗುತ್ತಿದೆ ಎಂಬುದು ನಮ್ಮ ಬಹಳಷ್ಟು ಹೆಣ್ಣುಮಕ್ಕಳ ಶಾಲೆಗಳಿಗೆ ತಿಳಿದೇ ಇಲ್ಲ. ಹಳೆಯ ಪ್ರಶ್ನೆಪತ್ರಿಕೆಗಳು ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ವಾರಕ್ಕೆ ಒಂದು ಸಮಸ್ಯೆ ಸಾಕು, ಜೊತೆಗೊಬ್ಬಳು ಗೆಳತಿ ಇರಲಿ, ಉತ್ತರದ ಪುಟವನ್ನು ಮುದ್ರಿಸಿ ಕೊಡಬೇಡಿ.