ತೆಳ್ಳಗಾದ ಸ್ಕೆಚ್‌ಬುಕ್: ಒಂದು ಆಪ್ತಸಲಹೆ ಪ್ರಕರಣ

ಅಮ್ಮ, ಮಗಳು ಇಬ್ಬರೂ ಬಂದಿದ್ದರು. ಮಾತಾಡಿದ್ದು ಅಮ್ಮ ಮಾತ್ರ. ಕೈಯಲ್ಲಿ ಮಗಳ ಚಿತ್ರಕಲೆ ಕ್ಲಾಸಿನ ನಿಯಮಗಳ ಎರಡು ಪುಟದ ಕಾಗದ ಇತ್ತು. ಅದನ್ನು ನನ್ನ ಮೇಜಿನ ಮೇಲಿಟ್ಟು, "ಓದಿ ನೀವೇ ಹೇಳಿ. ಇದು ಚಿತ್ರಕಲೆ ಕ್ಲಾಸಾ, ಮಿಲಿಟರಿ ಕ್ಯಾಂಪಾ?" ಅಂದರು.

ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಇಬ್ಬರೂ ಒಪ್ಪಿದ್ದಾರೆ. ಹುಡುಗಿ ಓದಿ ಒಂದು ಕಡೆ ತಿದ್ದಿಸಿದಳು ಕೂಡ.

ಅವಳಿಗೆ 17 ವರ್ಷ. ಹೈಸ್ಕೂಲಿನ ಕೊನೆಯ ವರ್ಷ. ತಗೊಂಡಿದ್ದು ಎಪಿ (ಅಡ್ವಾನ್ಸ್ಡ್ ಪ್ಲೇಸ್ಮೆಂಟ್, ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ್ದನ್ನು ಓದಿಸುವ ಅಮೆರಿಕದ ಕಾರ್ಯಕ್ರಮ) ಆರ್ಟ್ ಅಂಡ್ ಡಿಸೈನ್‌ನ ಡ್ರಾಯಿಂಗ್ ಕೋರ್ಸ್. ಇದರಲ್ಲಿ ಕೂತು ಬರೆಯುವ ಪರೀಕ್ಷೆ ಇಲ್ಲ. ವರ್ಷವಿಡೀ ಮಾಡಿದ ಕೆಲಸದ ಪೋರ್ಟ್‌ಫೋಲಿಯೊ ಹೊರಗಿನ ಪರೀಕ್ಷಕರಿಗೆ ಹೋಗುತ್ತದೆ, ಅವರು 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಎರಡು ಭಾಗ. ತಾನೇ ಹುಡುಕಿಕೊಂಡ ಒಂದು ಪ್ರಶ್ನೆಯ ಹಿಂದೆ ಬಿದ್ದು ಮಾಡಿದ ಕೆಲಸದ 15 ಚಿತ್ರ, ಅದಕ್ಕೆ ಶೇಕಡಾ 60. ತನ್ನ ಅತ್ಯುತ್ತಮ ಅನ್ನಿಸಿದ 5 ಕೃತಿ, ಅದಕ್ಕೆ ಶೇಕಡಾ 40. ಗಮನಿಸಿ, ಜಾಸ್ತಿ ತೂಕ ಇರೋದು ಹುಡುಕಾಟಕ್ಕೆ. ಈ ಲೆಕ್ಕ ನನ್ನ ತಲೆಗೆ ಹತ್ತಲು ಎರಡು ಭೇಟಿ ಬೇಕಾಯಿತು.

ಅಮ್ಮನ ದೂರು ಸರಳವಾಗಿತ್ತು. ಐದನೇ ವಯಸ್ಸಿನಿಂದ ಚಿತ್ರ ಬಿಟ್ಟರೆ ಬೇರೆ ಲೋಕವಿಲ್ಲದ ಹುಡುಗಿ, ಈ ಟೀಚರ್ ಕೈಗೆ ಸಿಕ್ಕ ಮೇಲೆ ಪೆನ್ಸಿಲ್ಲೇ ಮುಟ್ಟುತ್ತಿಲ್ಲ. ಆರು ವಾರದಲ್ಲಿ ನಾಲ್ಕು ಕೆಲಸ ಕೊಟ್ಟಿಲ್ಲ. ತಡವಾದರೆ ದಿನಕ್ಕೆ ಹತ್ತು ಅಂಕ ಕಡಿತ. ಕೋರ್ಸ್ ಬಿಡಿಸೋಣ ಅಂದರೆ ಅದಕ್ಕೂ ಅಳುತ್ತಾಳೆ.

ನಾನು ಮೊದಲು ಹುಡುಗಿಯ ಕೈ ನೋಡಿದೆ. ದಿನಾ ಪೆನ್ಸಿಲ್ ಹಿಡಿಯುವವರ ಅಂಗೈ ಅಂಚು, ಕಿರುಬೆರಳಿನ ಕೆಳಗೆ, ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಅವಳದು ತೊಳೆದಿಟ್ಟ ತಟ್ಟೆ ಹಾಗೆ ಶುಭ್ರವಾಗಿತ್ತು.

ನಿದ್ದೆ, ಊಟ, ಸ್ನೇಹಿತರು, ಬೇರೆ ವಿಷಯಗಳ ಅಂಕ, ಎಲ್ಲ ಕೇಳಿದೆ. ಸಾಯುವ ಯೋಚನೆ ಬರುತ್ತದಾ ಅಂತಲೂ ನೇರವಾಗಿ ಕೇಳಿದೆ. ಇಲ್ಲ ಅಂದಳು. ಉಳಿದದ್ದೆಲ್ಲ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಒಂದೇ ಕೋಣೆಯಲ್ಲಿ.

ಇಲ್ಲಿ ನನ್ನ ತಪ್ಪೂ ಹೇಳಬೇಕು. ಮೊದಲ ಭೇಟಿಯಲ್ಲಿ ನಾನು ಮಾಡಿಕೊಟ್ಟಿದ್ದು ಒಂದು ಟೈಮ್‌ಟೇಬಲ್. ಸಂಜೆ ಒಂದು ಗಂಟೆ ಸ್ಕೆಚ್‌ಬುಕ್, ಭಾನುವಾರ ಬಾಕಿ ಕೆಲಸ, ಹೀಗೆ. ಮುಂದಿನ ವಾರ ಅವಳು ಟೈಮ್‌ಟೇಬಲ್ಲನ್ನು ಅಂದವಾಗಿ ಬಣ್ಣ ಹಾಕಿ ತಂದಿದ್ದಳು. ಚಿತ್ರ ಒಂದೂ ಇರಲಿಲ್ಲ. ಸಮಯ ಸಾಲದವರಿಗೆ ಕೊಡುವ ಔಷಧಿಯನ್ನು ಸಮಯ ಇದ್ದವಳಿಗೆ ಕೊಟ್ಟಿದ್ದೆ.

ಹಾಗಾಗಿ ಎರಡನೇ ಸಲ ಅಮ್ಮನನ್ನು ಹೊರಗೆ ಕೂರಿಸಿ, ಆ ಎರಡು ಪುಟದ ನಿಯಮಗಳನ್ನೇ ಹುಡುಗಿಯ ಜೊತೆ ಒಂದೊಂದಾಗಿ ಓದಿದೆ. ಪಾಲಿಸುವ ನಿಯಮಕ್ಕೆ ಟಿಕ್ ಹಾಕು, ಪಾಲಿಸದ್ದಕ್ಕೆ ಅಡ್ಡ ಗೀಟು ಎಳಿ, ಬೇರೇನೂ ಬೇಡ ಅಂದೆ.

ಟಿಕ್, ಟಿಕ್, ಟಿಕ್. ಕೊನೆಯ ಹತ್ತು ನಿಮಿಷ ಮೇಜು ಒರೆಸಲು. ಬ್ರಷ್ ತೊಳೆದು ಕೂದಲು ಮೇಲಾಗಿ ನಿಲ್ಲಿಸಬೇಕು. ಇನ್ನೊಬ್ಬರ ಕೆಲಸವನ್ನು ಕೇಳದೆ ಮುಟ್ಟಬಾರದು. ಪೆನ್ಸಿಲ್, ಇದ್ದಿಲಿನ ಗೆರೆ ಅಳಿಸದಂತೆ ಹೊಡೆಯುವ ಫಿಕ್ಸೇಟಿವ್ ಸ್ಪ್ರೇ ಕೋಣೆಯೊಳಗೆ ಬೇಡ. ಎಣ್ಣೆಬಣ್ಣ ಒರೆಸಿದ ಬಟ್ಟೆ ಮುಚ್ಚಳವಿರುವ ತಗಡಿನ ಡಬ್ಬಿಗೇ ಹೋಗಬೇಕು. ಇದಕ್ಕೆ ಬಂದಾಗ ನಾನು ಸುಮ್ನೆ "ಅದ್ಯಾಕೆ ತಗಡಿನ ಡಬ್ಬಿ?" ಅಂದೆ. ಅಲ್ಲಿಯವರೆಗೆ ತಲೆ ಎತ್ತದವಳು ಎತ್ತಿದಳು. ಅಗಸೆ ಎಣ್ಣೆ ನೀರಿನ ಹಾಗೆ ಆರಿ ಒಣಗೋದಲ್ಲವಂತೆ, ಗಾಳಿಯಲ್ಲಿರುವ ಆಮ್ಲಜನಕ ಹೀರಿ ಗಟ್ಟಿಯಾಗುತ್ತದಂತೆ. ಆಗ ಬಿಸಿ ಹುಟ್ಟುತ್ತದೆ. ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ಬಿಸಿ ಹೊರಗೆ ಹೋಗದೆ, ಯಾರೂ ಕಡ್ಡಿ ಗೀರದೆ ತಾನೇ ಹೊತ್ತಿಕೊಳ್ಳಬಹುದು. ಎರಡು ನಿಮಿಷ ಕೈ ಆಡಿಸಿಕೊಂಡು ಹೇಳಿದಳು. ಕ್ಲಾಸಿನಲ್ಲಿ ಆ ಡಬ್ಬಿಯ ಉಸ್ತುವಾರಿ ಅವಳದೇ ಅಂತೆ.

ನಿಯಮ ಮುರಿಯುವ ಹುಡುಗಿ ಹೀಗಿರುವುದಿಲ್ಲ, ಅಲ್ವಾ?

ಅಡ್ಡ ಗೀಟು ಬಿದ್ದಿದ್ದು ನಾಲ್ಕಕ್ಕೆ. ವಾರಕ್ಕೆ ಐದು ಪುಟ ಸ್ಕೆಚ್‌ಬುಕ್. ಶುಕ್ರವಾರ ಆಗಿದ್ದಷ್ಟು ಕೆಲಸವನ್ನು ಗೋಡೆಗೆ ಹಾಕಬೇಕು. ಕ್ರಿಟಿಕ್‌ನಲ್ಲಿ, ಅಂದರೆ ಎಲ್ಲರೂ ಗೋಡೆಯ ಮುಂದೆ ನಿಂತು ಚರ್ಚೆ ಮಾಡುವಾಗ, ಬಾಯಿ ಬಿಡಬೇಕು. ಹೇಳಿದ ದಿನಕ್ಕೆ ಕೆಲಸ ಒಪ್ಪಿಸಬೇಕು.

"ಸ್ಕೆಚ್‌ಬುಕ್ ತಂದಿದ್ದೀಯಾ?" ಅಂದೆ. ತಂದಿದ್ದಳು. ತಂತಿ ಸುರುಳಿಯ ಪುಸ್ತಕ. ದಪ್ಪ ರಟ್ಟು, ಒಳಗೆ ಮಾತ್ರ ತೆಳ್ಳಗೆ. ಬಿಡಿಸಿದ ಪುಟ ಮೂರು. ಆದರೆ ಸುರುಳಿಯ ಒಳಗೆ, ಹಾಳೆ ಹರಿದಾಗ ಉಳಿಯುತ್ತವಲ್ಲ, ಆ ಚೂರುಗಳು ತುಂಬಿಕೊಂಡಿದ್ದವು. ಪೇಪರಿನ ಹಲ್ಲುಗಳ ಹಾಗೆ. ಇವಳು ಚಿತ್ರ ಬಿಡಿಸುವುದನ್ನು ಬಿಟ್ಟಿರಲಿಲ್ಲ. ರಾತ್ರಿ ಬಿಡಿಸುತ್ತಿದ್ದಳು, ಹರಿಯುತ್ತಿದ್ದಳು, ಕೈ ತೊಳೆದು ಮಲಗುತ್ತಿದ್ದಳು.

ಆ ನಾಲ್ಕೂ ನಿಯಮ ಕೇಳುತ್ತಿದ್ದದ್ದು ಒಂದನ್ನೇ. ಮುಗಿಯದ, ಚೆನ್ನಾಗಿಲ್ಲದ ಕೆಲಸವನ್ನು ಇನ್ನೊಬ್ಬರ ಕಣ್ಣಿಗೆ ಬೀಳಿಸು ಅಂತ. 17 ವರ್ಷದಲ್ಲಿ ಅವಳು ಅದೊಂದನ್ನು ಮಾಡಿರಲಿಲ್ಲ.

ಹಿಂದಿನ ಕತೆ ಕೇಳಿದೆ. ಅವಳ ಕೈಚಳಕ ಭಾವಚಿತ್ರದಲ್ಲಿ. ಇಂಟರ್‌ನೆಟ್ಟಿನಲ್ಲಿ ಸಿಕ್ಕ ನಟ ನಟಿಯರ ಫೋಟೊ ನೋಡಿ ಬಿಡಿಸುತ್ತಿದ್ದಳು. ಕಣ್ಣಿನ ರೆಪ್ಪೆ ಎಣಿಸಬಹುದು. (ನಾನು 'ಕೂದಲು' ಅಂತ ಬರೆದಿದ್ದೆ. ತಿದ್ದಿಸಿದ್ದು ಇದನ್ನೇ. ಕೂದಲು ಯಾರು ಬೇಕಾದರೂ ಮಾಡ್ತಾರೆ ಅಂದಳು.) ನೋಡಿದವರೆಲ್ಲ "ಇದು ಫೋಟೊನಾ?" ಅನ್ನುತ್ತಿದ್ದರು. ಅವಳಿಗೆ ಗೊತ್ತಿದ್ದ ಅತಿ ದೊಡ್ಡ ಹೊಗಳಿಕೆ ಅದು. ಈ ಕೋರ್ಸಿನ ಮೊದಲ ವಾರ ಟೀಚರ್ ಅದೇ ಚಿತ್ರಗಳನ್ನು ನೋಡಿ, "ಕೈ ಚೆನ್ನಾಗಿ ಪಳಗಿದೆ. ಇನ್ನು ನೀನು ಏನು ನೋಡ್ತೀಯ ಅಂತ ತೋರಿಸು" ಅಂದರಂತೆ. ಇವಳ ಕಿವಿಗೆ ಬಿದ್ದದ್ದು, ಇಲ್ಲಿಯವರೆಗೆ ಮಾಡಿದ್ದು ಲೆಕ್ಕಕ್ಕಿಲ್ಲ ಅಂತ. ಜೊತೆಗೆ ಆ ಹಾಳೆಯಲ್ಲಿ ಇನ್ನೊಂದು ಸಾಲು. ಬೇರೆಯವರ ಫೋಟೊವನ್ನು ಇದ್ದ ಹಾಗೇ ಬಿಡಿಸಿದ್ದು ಪೋರ್ಟ್‌ಫೋಲಿಯೊಗೆ ಬರುವಂತಿಲ್ಲ, ಎಐ ಬಳಸುವಂತಿಲ್ಲ.

ಇದು ಆ ಟೀಚರಿನ ಹಟವಲ್ಲ, ಎಪಿ ನಿಯಮವೇ ಹಾಗಿದೆ. ಇನ್ನೊಬ್ಬರ ಚಿತ್ರವನ್ನು ಆಧಾರ ಮಾಡಿಕೊಂಡರೆ ನಕಲಿನಿಂದ ಮುಂದೆ ಹೋಗಿರಬೇಕು. ಹುಡುಗಿ ವಾದಕ್ಕೆ ಬಂದಳು. "ವ್ಯಾನ್ ಗೋ ಮಿಲೆ ಚಿತ್ರಗಳನ್ನ ನಕಲು ಮಾಡಿಲ್ವಾ?" ಮಿಲೆ ಅಂದರೆ ಅವನಿಗಿಂತ ಹಿಂದಿನ ಫ್ರೆಂಚ್ ಚಿತ್ರಕಾರ. ಮಾಡಿದ್ದಾನೆ, 1889-90ರಲ್ಲಿ, ಮಾನಸಿಕ ಆಸ್ಪತ್ರೆಯಲ್ಲಿದ್ದಾಗ. ಆದರೆ ಅವನ ಕೈಯಲ್ಲಿದ್ದದ್ದು ಕಪ್ಪು ಬಿಳುಪು ಮುದ್ರಣ, ಬಣ್ಣ ಪೂರ್ತಿ ಅವನದೇ. ಲೂವ್ರ್ ಮ್ಯೂಸಿಯಂನಲ್ಲಿ ಇವತ್ತಿಗೂ ಅನುಮತಿ ತಗೊಂಡು ನಕಲು ಮಾಡಬಹುದು, ಆದರೆ ಅಳತೆ ಮೂಲಕ್ಕಿಂತ ಐದನೇ ಒಂದು ಭಾಗ ಹೆಚ್ಚೋ ಕಡಿಮೆಯೋ ಇರಬೇಕು. ನಕಲು ಮಾಡಿ ಕಲಿಯುವುದು ಅವಮಾನವಲ್ಲ. ಸ್ಕೆಚ್‌ಬುಕ್ಕಿನಲ್ಲಿ ಮಾಡು, ಪಕ್ಕದಲ್ಲಿ ಮೂಲ ಯಾರದು ಅಂತ ಬರಿ, ಅಷ್ಟೇ. ಇಷ್ಟು ಹೇಳಿದ ಮೇಲೆ ಅವಳ ಭುಜ ಸ್ವಲ್ಪ ಇಳಿಯಿತು.

ಟೀಚರ್ ಕ್ಲಾಸಿನಲ್ಲಿ ಪಿಕಾಸೊನ ಹೆಸರಾಂತ ಚಿತ್ರ ಗೆರ್ನಿಕಾದ ಫೋಟೊಗಳನ್ನು ತೋರಿಸಿದ್ದರಂತೆ. 1937ರಲ್ಲಿ ಪಿಕಾಸೊ ಅದನ್ನು ಮಾಡುತ್ತಿರುವಾಗ ಛಾಯಾಗ್ರಾಹಕಿ ಡೋರಾ ಮಾರ್ ಹಂತ ಹಂತವಾಗಿ ತೆಗೆದವು. ಅಳಿಸಿದ್ದು, ಜಾಗ ಬದಲಿಸಿದ್ದು ಎಲ್ಲ ಅದರಲ್ಲಿ ಕಾಣುತ್ತದೆ. ಅದರಿಂದ ಏನನ್ನಿಸಿತು ಅಂತ ಕೇಳಿದೆ. "ಅವನು ಪಿಕಾಸೊ. ಅವನು ಗೀಚಿದ್ದೂ ಮ್ಯೂಸಿಯಂಗೆ ಹೋಗುತ್ತೆ. ನಾನು ಗೀಚಿದ್ದು ಗೋಡೆಗೆ ಹೋಗುತ್ತೆ, ಎಲ್ಲರೂ ನೋಡ್ತಾರೆ." ಉತ್ತರ ಕೊಡಲು ನನಗೆ ಆಗಲಿಲ್ಲ. ಮಾತು ಸರಿಯಾಗೇ ಇತ್ತು.

ಸಲಹೆ ಕೊಟ್ಟಿದ್ದು ಹೀಗೆ. ಉಳಿದ ಖಾಲಿ ಹಾಳೆಗಳಿಗೆಲ್ಲ ಮೊದಲೇ ಪೆನ್ನಿನಲ್ಲಿ ನಂಬರ್ ಹಾಕು. ಹರಿಯಬೇಡ ಅಂತ ನಾನು ಹೇಳಲಿಲ್ಲ. ಹರಿದರೆ ನಂಬರ್ ತಪ್ಪುತ್ತದೆ, ಎಷ್ಟು ಹೋಯಿತು ಅಂತ ನಿನಗೇ ಕಾಣುತ್ತದೆ, ಅಷ್ಟೇ. ದಿನಕ್ಕೆ 12 ನಿಮಿಷ, ಗಡಿಯಾರ ಇಟ್ಟುಕೊಂಡು, ಕಾಗದ ನೋಡದೆ ನಿನ್ನ ಇನ್ನೊಂದು ಕೈಯನ್ನು ಮಾತ್ರ ನೋಡಿ ಪೆನ್ನಿನಲ್ಲಿ ಅದರ ಅಂಚು ಬಿಡಿಸು. ಬ್ಲೈಂಡ್ ಕಾಂಟೂರ್ ಅನ್ನುತ್ತಾರಲ್ಲ, ಅದು. ನಾನು ಅದನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅದು ಯಾರಿಗೂ ಫೋಟೊ ಹಾಗೆ ಬರುವುದಿಲ್ಲ. ಎಷ್ಟೇ ಪಳಗಿದ ಕೈಯಾದರೂ ಬೆರಳು ಎಲ್ಲೋ, ಉಗುರು ಎಲ್ಲೋ. ಸೋಲಲು ಅಳತೆಗೋಲೇ ಇಲ್ಲದ ಕಡೆ ಅಭ್ಯಾಸ ಶುರು ಮಾಡುವುದು ಸುಲಭ.

ಗೋಡೆಗೆ ನೇರವಾಗಿ ಹೋಗುವುದು ಬೇಡ ಅಂದೆ. ಎರಡು ವಾರ ಟೀಚರ್ ಒಬ್ಬರಿಗೇ, ಕ್ಲಾಸಿಗೆ ಐದು ನಿಮಿಷ ಮೊದಲು, ಆ ವಾರದ ಅತಿ ಕೆಟ್ಟ ಪುಟ ತೋರಿಸು. ಆಮೇಲೆ ಇಬ್ಬರು ಸಹಪಾಠಿಗಳಿಗೆ. ಆಮೇಲೆ ಗೋಡೆ. ಅಲ್ಲಿ ತೀರ್ಪಿಗೆ ಕಾಯಬೇಡ, ನೀನೇ ಒಂದು ಪ್ರಶ್ನೆ ಇಡು. 'ಹೇಗಿದೆ' ಅಂತ ಅಲ್ಲ. 'ಈ ಮಣಿಕಟ್ಟು ಭಾರ ಹೊತ್ತ ಹಾಗೆ ಕಾಣುತ್ತಾ?' ಅನ್ನುವ ಥರದ್ದು. ಪ್ರಶ್ನೆ ಚಿಕ್ಕದಾದಷ್ಟೂ ಉತ್ತರ ಕಡಿಮೆ ಚುಚ್ಚುತ್ತದೆ.

ಅವಳ ಒಪ್ಪಿಗೆ ತಗೊಂಡು ಟೀಚರ್ ಜೊತೆ ಫೋನಿನಲ್ಲಿ ಮಾತಾಡಿದೆ. ಅಮ್ಮ ಹೇಳಿದಷ್ಟು ಕಠಿಣದ ಮನುಷ್ಯೆ ಅಲ್ಲ. ಹೇಳಿದ ದಿನ ಅರ್ಧಂಬರ್ಧ ಆಗಿದ್ದನ್ನೇ ಕೊಟ್ಟರೆ ಅಂಕ ಕಡಿಯುತ್ತೀರಾ ಅಂತ ಕೇಳಿದೆ. "ನಾನು ಕೇಳಿದ್ದೇ ಅದನ್ನಲ್ವಾ!" ಅಂದರು. ಹಾಳೆಯಲ್ಲಿ 'ಕೆಲಸ ಒಪ್ಪಿಸಬೇಕು' ಅಂತಿತ್ತು. ಹುಡುಗಿ ಅದನ್ನು 'ಮುಗಿದ ಕೆಲಸ' ಅಂತ ಓದಿಕೊಂಡಿದ್ದಳು. ಆರು ವಾರ ಹೋಗಿದ್ದು ಬರೆಯದೇ ಇದ್ದ ಒಂದು ಪದಕ್ಕೆ.

ನನಗೆ ಆ ಹಾಳೆಯ ಮೇಲೆ ಒಂದು ತಕರಾರಿತ್ತು, ಅದನ್ನೂ ಹೇಳಿದೆ. ಅಷ್ಟು ನಿಯಮಗಳಲ್ಲಿ ಯಾಕೆ ಅಂತ ಹುಡುಗಿಗೆ ಗೊತ್ತಿದ್ದದ್ದು ಎಣ್ಣೆ ಬಟ್ಟೆಯದು ಒಂದೇ. ಅದನ್ನು ಪ್ರಾಣದ ಹಾಗೆ ಕಾಯುತ್ತಿದ್ದಳು. ಸ್ಕೆಚ್‌ಬುಕ್ ಯಾಕೆ, ಅರ್ಧ ಕೆಲಸ ಗೋಡೆಗೆ ಯಾಕೆ ಅಂತಲೂ ಒಂದೊಂದು ಸಾಲು ಇದ್ದಿದ್ದರೆ? ಪರೀಕ್ಷಕರು ಅಭ್ಯಾಸ, ಪ್ರಯೋಗ, ತಿದ್ದುವಿಕೆ ಇವಕ್ಕೂ ಅಂಕ ಕೊಡುತ್ತಾರೆ, ಹಂತಗಳ ಫೋಟೊಗಳೂ ಆ 15ರಲ್ಲಿ ಸೇರಬಹುದು ಅಂತ ಗೊತ್ತಿದ್ದಿದ್ದರೆ ಇವಳು ಹರಿಯುತ್ತಿದ್ದದ್ದು ಅಂಕವನ್ನೇ ಅಂತ ತಿಳಿಯುತ್ತಿತ್ತು. ಟೀಚರ್ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲ ದಿನವೇ ಹೇಳಿದ್ದೆ" ಅಂದರು. ಹೇಳಿರಬಹುದು. ಮೊದಲ ದಿನ ಯಾರ ಕಿವಿ ಕೇಳುತ್ತದೆ? ದಿನಕ್ಕೆ ಹತ್ತು ಅಂಕದ ಕಡಿತವನ್ನು ಮಾತ್ರ ಅವರು ಬಿಡಲಿಲ್ಲ. ನಾನೂ ಒತ್ತಾಯಿಸಲಿಲ್ಲ.

ಅಮ್ಮನಿಗೆ ಹೇಳಿದ್ದು ಎಲ್ಲಕ್ಕಿಂತ ಕಷ್ಟದ್ದು. ಕೋರ್ಸ್ ಬಿಡುವ ಮಾತು ಆರು ವಾರ ಎತ್ತಬೇಡಿ, ಆಮೇಲೆ ತೀರ್ಮಾನ ಅವಳದು. ಚಿತ್ರದ ಫೋಟೊ ತೆಗೆದು ಬಂಧುಗಳಿಗೆ ಕಳಿಸಬೇಡಿ. 'ಚೆನ್ನಾಗಿದೆ' ಅನ್ನಬೇಡಿ.

"ಮತ್ತೇನು ಹೇಳ್ಲಿ, ಚೆನ್ನಾಗಿಲ್ಲ ಅನ್ಲಾ?"

"ಕಂಡದ್ದನ್ನ ಹೇಳಿ. ಈ ಕಡೆ ಕಪ್ಪು ಜಾಸ್ತಿ ಇದೆ, ಬೆರಳು ಉದ್ದ ಇದೆ, ಅಷ್ಟೇ."

ಅವರಿಗೆ ಅದು ಹಿಡಿಸಲಿಲ್ಲ. ಹೊಗಳಿಕೆಯನ್ನೂ ಪಡಿತರದ ಹಾಗೆ ಅಳೆದು ಕೊಡಬೇಕಾ ಅಂದರು. ಅವರ ಬೇಸರ ನನಗೆ ಅರ್ಥವಾಗುತ್ತದೆ. ಹನ್ನೆರಡು ವರ್ಷ ಅವರು ಪ್ರೀತಿಯಿಂದ ಹೇಳಿದ ಮಾತು ಅದು.

ಮೊದಲ ವಾರ 12 ನಿಮಿಷ ಎರಡೇ ದಿನ ನಡೆಯಿತು. ಮೂರನೇ ವಾರ ಟೀಚರಿಗೆ ತೋರಿಸಿದ ಪುಟದಲ್ಲಿ ಕೈಗೆ ಆರು ಬೆರಳಿತ್ತು. ಟೀಚರ್ ನಗಲಿಲ್ಲವಂತೆ, "ಈ ಆರನೇದು ಇಟ್ಕೋ" ಅಂದರಂತೆ. ಆರನೇ ವಾರದ ಹೊತ್ತಿಗೆ ಗೋಡೆಗೆ ಹೋಗಿತ್ತು. ಹೊಟ್ಟೆ ನೋವು ಅಂತ ಒಂದು ಶುಕ್ರವಾರ ತಪ್ಪಿಸಿದಳು ಕೂಡ. ಕೋರ್ಸ್ ಬಿಡುವ ಮಾತು ಮತ್ತೆ ಬರಲಿಲ್ಲ. 15 ಚಿತ್ರಗಳಿಗೆ ಅವಳು ಹಿಡಿದ ಪ್ರಶ್ನೆ, 'ಕಾಯುವಾಗ ಕೈ ಏನು ಮಾಡುತ್ತದೆ?'

ನಾಲ್ಕು ತಿಂಗಳಾದ ಮೇಲೆ ಬಂದಾಗ ಸ್ಕೆಚ್‌ಬುಕ್ ನನ್ನ ಮುಂದೆ ತಾನಾಗಿ ಇಟ್ಟಳು. ಎಲ್ಲ ಕೈಗಳೇ. ನನ್ನ ಕೋಣೆಯ ಹೊರಗೆ ಅಮ್ಮ ಆ ನಿಯಮದ ಹಾಳೆಯನ್ನು ಮಡಿಸಿ ಬಿಚ್ಚಿ ಮಾಡುತ್ತಾ ಕೂತಿದ್ದಾಗ ಬಿಡಿಸಿದ ಕೈಯೂ ಇತ್ತು. ನಂಬರ್‌ಗಳು ಸಾಲಾಗಿ ಇದ್ದವು. 22ನೇ ಪುಟ ಮಾತ್ರ ಹರಿದು, ಟೇಪ್ ಹಚ್ಚಿ ಮತ್ತೆ ಸೇರಿಸಿದ್ದು.

"ಇದನ್ನ ಯಾಕೆ ಹರಿದೆ?" ಅಂದೆ.

"ಅಮ್ಮ ಚೆನ್ನಾಗಿದೆ ಅಂದ್ಲು."

ಪಕ್ಕದಲ್ಲಿದ್ದ ಅಮ್ಮ, "ಬಾಯಿ ತಪ್ಪಿ ಬಂತು" ಅಂದರು. "ಟೇಪ್ ಹಚ್ಚಿದ್ದು ನಾನೇ."