ಬಾಂಬ್ ಹಾಕೋದು ಸುಲಭ, ಇಳಿಸೋದೇ ಕಷ್ಟ

ಹೋದ ಸಂಚಿಕೆಯಲ್ಲಿ ಮನೆಯ ಕಂಪ್ಯೂಟರ್‌ನಲ್ಲಿ ಯುದ್ಧವಿಮಾನ ಹಾರಿಸುವ ಸಿಮ್ಯುಲೇಟರ್ ಬಗ್ಗೆ ಮಾತಿಗೆ ಮಾತು ಬಂತು ಅಂತ ಎರಡು ಸಾಲು ಬರೆದಿದ್ದೆ. ಅದಕ್ಕೆ ಬಂದ ಪ್ರಶ್ನೆಗಳನ್ನು ನೋಡಿ ಬೆರಗಾದೆ. ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ರಾತ್ರಿ ಊಟ ಮುಗಿಸಿ ಇಷ್ಟೊಂದು ಜನ ಕೋಣೆ ಬಾಗಿಲು ಹಾಕಿಕೊಂಡು ಆಕಾಶಕ್ಕೆ ಏರುತ್ತಾರೆ ಅಂತ ಗೊತ್ತೇ ಇರಲಿಲ್ಲ. ಈ ಸಲ ಪೂರ್ತಿ ಅಂಕಣ ಅದಕ್ಕೇ ಇರಲಿ.

ಪ್ರಶ್ನೆ: ನಾನು ಎಂಜಿನಿಯರಿಂಗ್ ಎರಡನೇ ವರ್ಷ. 8 ಜಿಬಿ ರ‍್ಯಾಮ್ ಇರುವ ಮಾಮೂಲಿ ಲ್ಯಾಪ್‌ಟಾಪ್ ಇದೆ. ಡಿಸಿಎಸ್ ಅನ್ನುವ ಯುದ್ಧವಿಮಾನದ ಸಿಮ್ಯುಲೇಟರ್ ಆಡಬೇಕು ಅಂತ ಆಸೆ. ಏನೇನು ಬೇಕು ಸರ್? ಜಾಯ್‌ಸ್ಟಿಕ್ ಇಲ್ಲದೆ ಆಗುತ್ತಾ? (ವಿದ್ಯಾನಗರ, ಹುಬ್ಬಳ್ಳಿ)

ತಮ್ಮಾ, ಮೊದಲು ಕೆಟ್ಟ ಸುದ್ದಿ. ಆ ಲ್ಯಾಪ್‌ಟಾಪ್‌ನಲ್ಲಿ ಡಿಸಿಎಸ್ ವರ್ಲ್ಡ್ ಓಡುವುದಿಲ್ಲ. ಓಡಿದರೂ ಎತ್ತಿನ ಗಾಡಿ ಓಡಿದ ಹಾಗೆ ಓಡುತ್ತದೆ. ಅದಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕು, ಎಸ್‌ಎಸ್‌ಡಿಯಲ್ಲಿ ನೂರು ಜಿಬಿಗಿಂತ ಜಾಸ್ತಿ ಜಾಗ ಬೇಕು, ರ‍್ಯಾಮ್ 16 ಜಿಬಿ ಇದ್ದರೆ ಕುಂಟುತ್ತದೆ, 32 ಇದ್ದರೆ ನೆಮ್ಮದಿ. ಒಳ್ಳೆಯ ಸುದ್ದಿ ಏನೆಂದರೆ ಡಿಸಿಎಸ್ ಇಳಿಸಿಕೊಳ್ಳಲು ಕಾಸು ಕೊಡಬೇಕಾಗಿಲ್ಲ. ಅದರ ಜೊತೆ ಸು-25ಟಿ ಅನ್ನುವ ರಷ್ಯಾದ ನೆಲದಾಳಿ ವಿಮಾನ ಮತ್ತು ಟಿಎಫ್-51ಡಿ ಅನ್ನುವ ಎರಡನೇ ಮಹಾಯುದ್ಧ ಕಾಲದ ಪ್ರೊಪೆಲ್ಲರ್ ವಿಮಾನ ಪುಕ್ಕಟೆ ಸಿಗುತ್ತವೆ. ಹಾರಾಡಲು ಕಾಕಸಸ್ ಪ್ರದೇಶದ ನಕ್ಷೆಯೂ ಪುಕ್ಕಟೆ. ಉಳಿದ ವಿಮಾನಗಳನ್ನು ಒಂದೊಂದಾಗಿ ಕೊಳ್ಳಬೇಕು, ಅಲ್ಲೇ ಜೇಬು ಖಾಲಿಯಾಗುವುದು.

ಈಗಲೇ ಶುರು ಮಾಡಬೇಕು ಅಂದರೆ 2006ರಲ್ಲಿ ಬಂದ ಐಎಲ್-2 ಸ್ಟರ್ಮೋವಿಕ್: 1946 ಅನ್ನುವ ಆಟ ತಗೋ. ಹಳೆಯದು, ಅಗ್ಗ, ನಿನ್ನ ಲ್ಯಾಪ್‌ಟಾಪ್‌ಗೆ ಭಾರವಲ್ಲ. ನೋಡೋಕೆ ಈಗಿನ ಆಟಗಳಷ್ಟು ಚಂದ ಇಲ್ಲ. ಆದರೆ ವೇಗ ಕಡಿಮೆಯಾದರೆ ವಿಮಾನ ಹೇಗೆ ಕೈಬಿಟ್ಟು ಬೀಳುತ್ತದೆ, ಪ್ರೊಪೆಲ್ಲರ್ ತಿರುಗುವಾಗ ಮೂತಿ ಹೇಗೆ ಒಂದು ಕಡೆ ಎಳೆಯುತ್ತದೆ, ಎಲ್ಲ ಅದರಲ್ಲೇ ಕಲಿಯಬಹುದು.

ಜಾಯ್‌ಸ್ಟಿಕ್ ಬೇಕೇ ಬೇಕು. ಕೀಬೋರ್ಡ್‌ನಲ್ಲಿ ಹಾರಿಸುವುದು ಅಂದರೆ ಬೈಕಿನ ಹ್ಯಾಂಡಲ್ ಬಿಚ್ಚಿಟ್ಟು ಎಡಕ್ಕೊಂದು ಬಲಕ್ಕೊಂದು ಸ್ವಿಚ್ ಹಾಕಿಕೊಂಡ ಹಾಗೆ. ಹಿಡಿಯನ್ನು ತಿರುಚಿದರೆ ರಡ್ಡರ್ (ಬಾಲದ ಚುಕ್ಕಾಣಿ) ಆಡುವಂಥದ್ದು, ಬುಡದಲ್ಲಿ ಥ್ರಾಟಲ್‌ಗೆ, ಅಂದರೆ ಎಂಜಿನ್ ಪವರ್ ಏರಿಸಿ ಇಳಿಸಲು, ಒಂದು ಲಿವರ್ ಇರುವಂಥದ್ದು, ಅಷ್ಟು ಸಾಕು. ಬೇರೆ ಥ್ರಾಟಲ್, ಪೆಡಲ್, ಕುರ್ಚಿಗೆ ಕಟ್ಟುವ ಸ್ಟ್ಯಾಂಡ್ ಇವೆಲ್ಲ ವರ್ಷ ಬಿಟ್ಟು ನೋಡೋಣ. ಹಾಲ್ ಸೆನ್ಸರ್ ಇರುವ ಸ್ಟಿಕ್ ಸಿಕ್ಕರೆ ಒಳ್ಳೆಯದು, ಥ್ರಸ್ಟ್‌ಮಾಸ್ಟರ್ ಟಿ.16000ಎಂನಲ್ಲಿ ಅದಿದೆ. ಅಯಸ್ಕಾಂತದಿಂದ ಓದುವುದರಿಂದ ಒಳಗೆ ತಿಕ್ಕಾಟವಿಲ್ಲ, ಸವೆತವೂ ಇಲ್ಲ. ನಾನು ಆನ್‌ಲೈನ್‌ನಲ್ಲಿ ಯಾರದೋ ಹಳೆಯ ಸ್ಟಿಕ್ ಕೊಂಡೆ. ಮೂರೇ ವಾರಕ್ಕೆ, ನಾನು ಕೈ ಮುಟ್ಟದಿದ್ದರೂ ವಿಮಾನ ತಾನಾಗೇ ಎಡಕ್ಕೆ ವಾಲತೊಡಗಿತು. ಬಿಚ್ಚಿ ನೋಡಿದರೆ ಸ್ಟಿಕ್ ಎಷ್ಟು ವಾಲಿದೆ ಅಂತ ಅಳೆಯುವ ಪೊಟೆನ್ಷಿಯೋಮೀಟರ್ ಸವೆದು ಹೋಗಿತ್ತು, ಮೇಲೆ ಒಂದು ಪದರ ಧೂಳು. ಸೆಕೆಂಡ್‌ಹ್ಯಾಂಡ್ ತಗೊಳ್ಳುವುದಾದರೆ ಎದುರೇ ಕಂಪ್ಯೂಟರ್‌ಗೆ ಚುಚ್ಚಿ ನೋಡು. ಕೈಬಿಟ್ಟಾಗ ಪರದೆ ಮೇಲಿನ ಗುರುತು ನಡುಗದೆ ನಡುವೆ ನಿಲ್ಲಬೇಕು.

ಇನ್ನೊಂದು ಮಾತು. ಸುತ್ತ ನೋಡಲು ತಲೆ ತಿರುಗಿಸಬೇಕಲ್ವಾ? ಅದಕ್ಕೆ ಓಪನ್‌ಟ್ರ್ಯಾಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಇದೆ. ಮಾಮೂಲಿ ವೆಬ್‌ಕ್ಯಾಮ್‌ನಿಂದ ನಿನ್ನ ತಲೆಯ ಚಲನೆ ಹಿಡಿಯುತ್ತದೆ.

ಪ್ರಶ್ನೆ: ವಯಸ್ಸು 52, ಮೆಣಸಿನಕಾಯಿ ವ್ಯಾಪಾರ. ಮಗ ಬೆಂಗಳೂರಿಗೆ ಹೋದ ಮೇಲೆ ಅವನ ಕಂಪ್ಯೂಟರ್ ನನ್ನ ಪಾಲಿಗೆ ಬಂತು. ಸು-25ಟಿ ಏರಿಸುತ್ತೇನೆ, ರಾಕೆಟ್ ಬಿಡುತ್ತೇನೆ, ಗುರಿ ತಪ್ಪುವುದಿಲ್ಲ. ಆದರೆ ಇಳಿಸುವಾಗ ದಿನಾ ಅಪಘಾತ. ರನ್‌ವೇ ಹತ್ತಿರ ಬಂದ ಕೂಡಲೇ ವಿಮಾನ ಮೇಲೆ ಕೆಳಗೆ ಕುಣಿಯುತ್ತದೆ, ಮುಟ್ಟಿದರೆ ಚೆಂಡಿನ ಹಾಗೆ ಪುಟಿಯುತ್ತದೆ. ಏನು ತಪ್ಪು ಮಾಡುತ್ತಿದ್ದೇನೆ? (ಬ್ಯಾಡಗಿ)

ಸಾವ್ಕಾರ್ರೇ, ನಿಮ್ಮ ಪ್ರಶ್ನೆಗೆ ಈ ಸಲದ ಅರ್ಧ ಪುಟ ಕೊಟ್ಟುಬಿಟ್ಟೆ. ಯಾಕಂದರೆ ಹತ್ತರಲ್ಲಿ ಒಂಬತ್ತು ಜನ ಇಳಿಸುವುದನ್ನು ಕಲಿಯುವುದೇ ಇಲ್ಲ. ಬಾಂಬ್ ಹಾಕಿ, ಹೊಗೆ ನೋಡಿ, ಎಸ್ಕೇಪ್ ಒತ್ತಿ ಮಲಗುತ್ತಾರೆ. ನೀವು ದಿನಾ ಬಿದ್ದರೂ ದಿನಾ ಇಳಿಸಲು ನೋಡುತ್ತೀರಲ್ಲ, ಅಷ್ಟರಮಟ್ಟಿಗೆ ನೀವು ಪೈಲಟ್ಟೇ.

ನಿಮ್ಮ ತಪ್ಪು ರನ್‌ವೇ ಹತ್ತಿರ ಶುರುವಾಗುವುದಿಲ್ಲ. ಹತ್ತು ಕಿಲೋಮೀಟರ್ ಹಿಂದೆಯೇ ಶುರುವಾಗಿರುತ್ತದೆ. ಇಳಿಯುವ ದಾರಿಯ ಕೋನ 3 ಡಿಗ್ರಿ ಅಂತ ಇಟ್ಟುಕೊಳ್ಳಿ, ದೊಡ್ಡ ವಿಮಾನ ನಿಲ್ದಾಣಗಳಲ್ಲೂ ಸಾಮಾನ್ಯವಾಗಿ ಅಷ್ಟೇ. ಲೆಕ್ಕ ಹಾಕಿದರೆ ಪ್ರತಿ ಕಿಲೋಮೀಟರಿಗೆ 52 ಮೀಟರ್ ಇಳಿಯಬೇಕು. ಅಂದರೆ 10 ಕಿ.ಮೀ. ದೂರದಲ್ಲಿ ನೀವು ರನ್‌ವೇಗಿಂತ 520 ಮೀಟರ್ ಮೇಲಿರಬೇಕು, 5 ಕಿ.ಮೀ. ದೂರದಲ್ಲಿ 260. ಅಲ್ಲಿ 900 ಮೀಟರ್ ಮೇಲೆ ಇದ್ದರೆ ಕೊನೆಗೆ ಮೂತಿ ತಗ್ಗಿಸಿ ಧುಮುಕಬೇಕಾಗುತ್ತದೆ, ಧುಮುಕಿದರೆ ವೇಗ ಏರುತ್ತದೆ, ವೇಗ ಏರಿದರೆ ವಿಮಾನ ನೆಲಕ್ಕೆ ಕೂರಲು ಒಪ್ಪುವುದಿಲ್ಲ, ನೀವು ಒತ್ತಾಯ ಮಾಡಿ ಕೂರಿಸಲು ಹೋಗುತ್ತೀರಿ, ಅದು ಪುಟಿಯುತ್ತದೆ.

ವೇಗದ ಮಾತು. ಬಾಂಬು, ರಾಕೆಟ್ಟು ಎಲ್ಲ ಖಾಲಿ ಮಾಡಿ, ಇಂಧನ ಕಾಲು ಭಾಗ ಉಳಿದಿರುವಾಗ, ಚಕ್ರ ಮತ್ತು ಫ್ಲ್ಯಾಪ್ (ರೆಕ್ಕೆಯ ಹಿಂದಂಚಿನ ಹಲಗೆ) ಇಳಿಸಿ ನಾನು ಗಂಟೆಗೆ 280 ಕಿ.ಮೀ. ಹಿಡಿದು ಬರುತ್ತೇನೆ. ಆ ವೇಗಕ್ಕೆ ಸೆಕೆಂಡಿಗೆ 4 ಮೀಟರಿನಷ್ಟು ಇಳಿಯುತ್ತಿದ್ದರೆ ದಾರಿ ಸರಿಯಾಗಿದೆ ಅಂತ ಅರ್ಥ. ಏರುವ ಇಳಿಯುವ ವೇಗ ತೋರಿಸುವ ವೇರಿಯೋಮೀಟರ್ ಮುಳ್ಳು ನೋಡಿಕೊಳ್ಳಿ. ಹತ್ತು ಕಿಲೋಮೀಟರಿಗೆ ಎರಡು ನಿಮಿಷ ಚಿಲ್ಲರೆ ಸಿಗುತ್ತದೆ. ಅದು ಬಹಳ ಹೊತ್ತು, ಅವಸರ ಬೇಡ. ಟ್ರಿಮ್ ಮಾಡಿ, ಕೈಬಿಟ್ಟರೂ ವಿಮಾನ ಅದೇ ವೇಗದಲ್ಲಿ ಬರುವಂತೆ. ಮೇಲಿದ್ದೀರಾ, ಥ್ರಾಟಲ್ ಒಂದು ಚೂರು ಕಡಿಮೆ ಮಾಡಿ. ಕೆಳಗಿದ್ದೀರಾ, ಒಂದು ಚೂರು ಜಾಸ್ತಿ.

ಇನ್ನು ಆ ಕುಣಿತ. ಮಾರುಕಟ್ಟೆಯಲ್ಲಿ ತಕ್ಕಡಿಗೆ ಕಾಯಿ ಹಾಕುವಾಗ ಏನು ಮಾಡುತ್ತೀರಿ? ಒಂದು ಹಿಡಿ ಹಾಕಿ ಮುಳ್ಳು ನಿಲ್ಲುವ ತನಕ ಕಾಯುತ್ತೀರಿ. ಅಲ್ಲಾಡುತ್ತಿರುವಾಗಲೇ ಇನ್ನೊಂದು ಹಿಡಿ ಹಾಕಿ, ಜಾಸ್ತಿ ಆಯ್ತು ಅಂತ ಎರಡು ಹಿಡಿ ತೆಗೆದರೆ ಆ ತಕ್ಕಡಿ ಸಂಜೆ ತನಕ ನಿಲ್ಲುವುದಿಲ್ಲ. ಸ್ಟಿಕ್ಕೂ ಹಾಗೇ. ನೀವು ಎಳೆದದ್ದಕ್ಕೆ ವಿಮಾನ ತುಸು ತಡವಾಗಿ ಉತ್ತರ ಕೊಡುತ್ತದೆ, ಅಷ್ಟರಲ್ಲಿ ನೀವು ಇನ್ನೂ ಎಳೆದಿರುತ್ತೀರಿ, ಮೂತಿ ಮೇಲೆದ್ದಿತು ಅಂತ ಗಾಬರಿಯಾಗಿ ದೂಡುತ್ತೀರಿ. ಒಂದು ಬೆರಳಗಲ ಎಳೆಯಿರಿ, ಕಾಯಿರಿ, ನೋಡಿ. ಅದರ ಮೇಲೆ ಮೇಜಿನ ಸ್ಟಿಕ್ ಗಿಡ್ಡ, ನಿಜವಾದ ವಿಮಾನದ ಕೋಲು ಉದ್ದ, ಹಾಗಾಗಿ ನಮ್ಮಲ್ಲಿ ಸಣ್ಣ ಅಲುಗಾಟವೂ ದೊಡ್ಡದಾಗುತ್ತದೆ. ಆಟದ ಆಕ್ಸಿಸ್ ಸೆಟ್ಟಿಂಗ್‌ನಲ್ಲಿ ಪಿಚ್‌ಗೆ (ಮೂತಿ ಮೇಲೆ ಕೆಳಗೆ ಆಡಿಸುವುದಕ್ಕೆ) 15ರಿಂದ 20ರಷ್ಟು ಕರ್ವ್ ಕೊಡಿ, ನಡುವಿನ ಭಾಗ ಮೆತ್ತಗಾಗುತ್ತದೆ.

ಕೊನೆಯ ಹತ್ತು ಸೆಕೆಂಡು. ರನ್‌ವೇ ಅಂಚು ದಾಟುವ ತನಕ ಕಣ್ಣು ಇಳಿಯುವ ಜಾಗದ ಮೇಲಿರಲಿ. ಆ ಜಾಗ ಗಾಜಿನಲ್ಲಿ ಮೇಲೂ ಹೋಗದೆ ಕೆಳಗೂ ಹೋಗದೆ ಒಂದೇ ಕಡೆ ನಿಂತಿದ್ದರೆ ನೀವು ಅಲ್ಲಿಗೇ ಬರುತ್ತಿದ್ದೀರಿ. ಅಂಚು ದಾಟಿದ ಕೂಡಲೇ ಕಣ್ಣನ್ನು ರನ್‌ವೇಯ ಆ ತುದಿಗೆ ಎತ್ತಿ. ಕಾಲ ಬುಡದ ನೆಲ ನೋಡುತ್ತಿದ್ದರೆ ಎತ್ತರ ಗೊತ್ತಾಗುವುದಿಲ್ಲ, ನೀವು ಎಡವುತ್ತಿರುವುದು ಇಲ್ಲೇ ಅಂತ ನನ್ನ ಅನುಮಾನ. ಥ್ರಾಟಲ್ ಪೂರ್ತಿ ಹಿಂದಕ್ಕೆ, ಮೂತಿ ಮೆಲ್ಲಗೆ ಮೇಲೆ, ತುಂಬಿದ ಕೊಡ ತಲೆಯಿಂದ ಇಳಿಸಿದ ಹಾಗೆ. ಹಿಂದಿನ ಚಕ್ರ ಮುಟ್ಟಲಿ. ಮೂತಿಯ ಚಕ್ರ ಮುಟ್ಟಿದ ಮೇಲೆ ಪಿ ಒತ್ತಿದರೆ ಹಿಂದಿನಿಂದ ಪ್ಯಾರಾಚೂಟ್ ಬಿಚ್ಚಿಕೊಳ್ಳುತ್ತದೆ, ಡಬ್ಲ್ಯೂ ಒತ್ತಿದರೆ ಬ್ರೇಕ್. ಪುಟಿದರೆ ದೂಡಬೇಡಿ. ಪೂರ್ತಿ ಪವರ್ ಕೊಟ್ಟು ಮೇಲೆ ಹೋಗಿ ಮತ್ತೆ ಬನ್ನಿ, ಅದರಲ್ಲಿ ಮರ್ಯಾದೆ ಹೋಗುವಂಥದ್ದೇನಿಲ್ಲ.

ಕಾಕಸಸ್ ನಕ್ಷೆಯಲ್ಲಿ ಕೊಬುಲೇಟಿ ವಿಮಾನ ನಿಲ್ದಾಣಕ್ಕೆ ಹೋಗಿ. ಕಪ್ಪು ಸಮುದ್ರದ ದಂಡೆ, ನೀರಿನ ಕಡೆಯಿಂದ ಬಂದರೆ ಗುಡ್ಡದ ಕಾಟವಿಲ್ಲ. ಒಂದು ವಾರ ಬಾಂಬು ಮುಟ್ಟಬೇಡಿ. ಏರಿ, ಸುತ್ತಿ, ಇಳಿಯಿರಿ, ಅಷ್ಟೇ. ಹೇಗಾಯ್ತು ಅಂತ ಬರೆಯಿರಿ.

ಪ್ರಶ್ನೆ: ನಾನು ಹಾರ್ಮೋನಿಯಂ ನುಡಿಸುವವನು, ಕಂಪ್ಯೂಟರ್ ಗೊತ್ತಿಲ್ಲ. ಮೊಮ್ಮಗ ಆಡುವುದನ್ನು ನೋಡುತ್ತೇನೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಪೈಲಟ್‌ಗಳಿಗೆ ಹೀಗೆ ನೆಲದ ಮೇಲೆ ಕಲಿಸುತ್ತಿದ್ದರಾ? (ಗದಗ)

ಕಲಿಸುತ್ತಿದ್ದರು. ಅದರಲ್ಲೂ ನಿಮ್ಮ ಪೇಟಿಯ ನಂಟಸ್ತಿಕೆ ಇದೆ, ಅದಕ್ಕೇ ಈ ಪ್ರಶ್ನೆ ನನಗೆ ಬಹಳ ಖುಷಿ ಕೊಟ್ಟಿತು.

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನಲ್ಲಿ ಎಡ್ವಿನ್ ಲಿಂಕ್ ಅಂತ ಒಬ್ಬರಿದ್ದರು. ಮನೆತನದ ಕಾರ್ಖಾನೆಯಲ್ಲಿ ಪಿಯಾನೊ, ಆರ್ಗನ್ ತಯಾರಾಗುತ್ತಿದ್ದವು. ಆರ್ಗನ್ ಅಂದರೆ ಗಾಳಿ, ಗಾಳಿ ಅಂದರೆ ತಿದಿ. ಹಾರಾಟ ಕಲಿಯುವುದು ದುಬಾರಿ ಅನ್ನಿಸಿ, ಅದೇ ತಿದಿ ಮತ್ತು ಪಂಪುಗಳನ್ನು ಬಳಸಿ 1929ರಲ್ಲಿ ಒಂದು ಮರದ ಡಬ್ಬಿ ಮಾಡಿದರು. ಅದಕ್ಕೆ ಮೋಟು ರೆಕ್ಕೆ. ಒಳಗೆ ಕೂತು ಕೋಲು ಎಳೆದರೆ ಒಂದು ತಿದಿ ಉಬ್ಬುತ್ತದೆ, ಇನ್ನೊಂದು ಕುಗ್ಗುತ್ತದೆ, ಡಬ್ಬಿ ವಾಲುತ್ತದೆ. ನಮ್ಮ ಕಂಪನಿ ನಾಟಕಗಳಲ್ಲಿ ಕಾಲಲ್ಲಿ ತಿದಿ ಒತ್ತಿ ಪೇಟಿ ನುಡಿಸುತ್ತಿದ್ದರಲ್ಲ, ಸುಮ್ನೆ ಅದನ್ನು ನೆನಪು ಮಾಡಿಕೊಳ್ಳಿ. ಮೊದಮೊದಲು ಕೊಂಡವರು ಮನರಂಜನಾ ಪಾರ್ಕಿನವರು, ಮಕ್ಕಳ ಆಟಕ್ಕೆ! 1934ರಲ್ಲಿ ಅಲ್ಲಿನ ಸೇನೆಗೆ ವಿಮಾನದಲ್ಲಿ ಅಂಚೆ ಸಾಗಿಸುವ ಕೆಲಸ ಬಂತು. ಮೋಡ ಮಂಜಿನಲ್ಲಿ ಮುಳ್ಳು ನೋಡಿ ಹಾರಿಸುವುದು ಬಾರದೆ ಪೈಲಟ್‌ಗಳು ಸಾಯತೊಡಗಿದರು. ಆಗ ಸೇನೆ ಆರು ಡಬ್ಬಿ ಕೊಂಡಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಆ ನೀಲಿ ಡಬ್ಬಿಯಲ್ಲಿ ಕಲಿತವರು ಲಕ್ಷಗಟ್ಟಲೆ. ಮುಚ್ಚಳ ಹಾಕಿ ಕತ್ತಲು ಮಾಡಿಬಿಡುತ್ತಿದ್ದರು. ಹೊರಗೆ ಮೇಜಿನ ಮುಂದೆ ಗುರು, ಅವನ ಎದುರಿನ ನಕ್ಷೆಯ ಮೇಲೆ ಒಂದು ಪುಟ್ಟ ಯಂತ್ರ ಶಿಷ್ಯ ಹೋದ ದಾರಿಯನ್ನು ಶಾಯಿಯಲ್ಲಿ ಗೀಚುತ್ತಿತ್ತು. ದಾರಿ ತಪ್ಪಿದ್ದನ್ನು ಇಲ್ಲ ಅನ್ನುವ ಹಾಗೇ ಇರಲಿಲ್ಲ.

ಪ್ರಶ್ನೆ: ಮಗ ಪಿಯುಸಿ ಎರಡನೇ ವರ್ಷ ಸೈನ್ಸ್. ರಾತ್ರಿ ಹನ್ನೆರಡಾದರೂ ವಿಮಾನ ಹಾರಿಸುತ್ತಿರುತ್ತಾನೆ. ಬೈದರೆ "ಅವ್ವಾ, ಇದು ಏರ್‌ಫೋರ್ಸ್‌ಗೆ ಪ್ರ್ಯಾಕ್ಟೀಸು" ಅನ್ನುತ್ತಾನೆ. ನಿಜವಾ? (ಸಪ್ತಾಪುರ, ಧಾರವಾಡ)

ಅಕ್ಕಾರೇ, ಕಾಲು ಭಾಗ ನಿಜ, ಮುಕ್ಕಾಲು ನೆಪ.

ಗಡಿಯಾರದಂಥ ಹತ್ತು ಮೀಟರುಗಳನ್ನು ಒಂದೇ ನೋಟಕ್ಕೆ ಓದುವುದು, ಚೆಕ್‌ಲಿಸ್ಟ್ ತಪ್ಪದೆ ಮಾಡುವುದು, ಗಾಳಿಯಲ್ಲಿ ವಿಮಾನ ಯಾಕೆ ನಿಲ್ಲುತ್ತದೆ ಅನ್ನುವುದು, ಇಷ್ಟನ್ನು ಅವನು ಕಲಿತಿರಬಹುದು. ಆದರೆ ಆಯ್ಕೆಯಲ್ಲಿ ಯಾರೂ ಸಿಮ್ಯುಲೇಟರ್‌ನಲ್ಲಿ ಎಷ್ಟು ತಾಸು ಹಾರಿಸಿದೆ ಅಂತ ಕೇಳುವುದಿಲ್ಲ. ದೇಹಕ್ಕೆ ಬೀಳುವ ಭಾರವೂ ಮನೆಯಲ್ಲಿ ಗೊತ್ತಾಗುವುದಿಲ್ಲ. ಯುದ್ಧವಿಮಾನ 9 ಜಿ, ಅಂದರೆ ಮೈಭಾರ ಒಂಬತ್ತು ಪಟ್ಟಾಗುವ ತಿರುವು ತಗೊಂಡರೆ 60 ಕೆ.ಜಿ. ಹುಡುಗ 540 ಕೆ.ಜಿ. ಆದ ಹಾಗೆ. ರಕ್ತ ಕಾಲಿಗೆ ಇಳಿದು ಕಣ್ಣು ಕತ್ತಲೆಗಟ್ಟುತ್ತದೆ. ನಮ್ಮ ಮೇಜಿನ ಮುಂದೆ ಚಹಾ ಕಪ್ಪೂ ಅಲುಗುವುದಿಲ್ಲ.

ಅವನಿಗೆ ನಿಜವಾಗಿ ಬೇಕಾದದ್ದು ಬೇರೆ. ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಎನ್‌ಡಿಎ (ಸೇನಾ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿ) ಪರೀಕ್ಷೆ ಮಾಡುತ್ತದೆ, ವಾಯುಪಡೆಗೆ ಪಿಯುಸಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಇರಲೇಬೇಕು. 2022ರಿಂದ ಹುಡುಗಿಯರಿಗೂ ಅಲ್ಲಿ ತರಬೇತಿ ಇದೆ. ಬರವಣಿಗೆ ಪಾಸಾದವರಿಗೆ ಐದು ದಿನದ ಸಂದರ್ಶನ. ವಾಯುಪಡೆಯ ಆಯ್ಕೆ ಮಂಡಳಿಗಳಲ್ಲಿ ಒಂದು ನಮ್ಮ ಮೈಸೂರಿನಲ್ಲೇ ಇದೆ. ಪೈಲಟ್ ಆಗಬೇಕಾದವರಿಗೆ ಸಿಪಿಎಸ್‌ಎಸ್ ಅನ್ನುವ ಕಂಪ್ಯೂಟರ್ ಪರೀಕ್ಷೆ ಇದೆ, ಅದಕ್ಕೆ ಜೀವನದಲ್ಲಿ ಒಂದೇ ಅವಕಾಶ. ಫೇಲಾದರೆ ಮತ್ತೆ ಕೊಡುವ ಹಾಗಿಲ್ಲ. ಆಮೇಲೆ ವೈದ್ಯಕೀಯ ತಪಾಸಣೆ, ಕಣ್ಣನ್ನಂತೂ ಬಿಡುವುದೇ ಇಲ್ಲ. ಮುಂದೆ ಫೈಟರ್ ತರಬೇತಿಗೆ ಹೋದರೆ ಹಾಕ್ ಅನ್ನುವ ತರಬೇತಿ ಜೆಟ್ ವಿಮಾನದ ಮೇಲೆ ಕಲಿಯುವುದು ನಮ್ಮ ಬೀದರ್‌ನಲ್ಲಿ. ಇದನ್ನೆಲ್ಲ ಅವನಿಗೆ ಓದಿ ಹೇಳಿ, ನಿದ್ದೆಯ ಪಾಠ ತಾನೇ ಅರ್ಥವಾದೀತು.

ಕಂಪ್ಯೂಟರ್ ಕಿತ್ತುಕೊಳ್ಳಬೇಡಿ. ಒಂದು ರಾತ್ರಿ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ನೋಡಿ. ಏರಿದ ವಿಮಾನವನ್ನು ರನ್‌ವೇಗೆ ತಂದು ಇಳಿಸುತ್ತಾನಾ, ಇಲ್ಲ ನಾಲ್ಕು ವಿಮಾನ ಹೊಡೆದುರುಳಿಸಿ ಆಟ ಬಂದ್ ಮಾಡುತ್ತಾನಾ? ಎರಡನೆಯದಾದರೆ ಅದು ಬರೀ ಆಟ. ವಾರಕ್ಕೆ ಎರಡು ದಿನ, ಹತ್ತು ಗಂಟೆಗೆ ಬಂದ್.

ಪ್ರಶ್ನೆ: ಡಿಸಿಎಸ್‌ನಲ್ಲಿ ನಮ್ಮ ತೇಜಸ್ ಇದೆಯಾ? (ರಾಣೆಬೆನ್ನೂರು)

ಮಾರಾಟದ ಪಟ್ಟಿಯಲ್ಲಿ ಇಲ್ಲ, ಭಾರತದ ನಕ್ಷೆಯೂ ಇಲ್ಲ. ನಮ್ಮ ವಾಯುಪಡೆ ಬಳಸಿದವುಗಳಲ್ಲಿ ಮಿಗ್-29 ಇದೆ, ಮಿಗ್-21 ಬಿಸ್ ಇದೆ. 1963ರಲ್ಲಿ ಸೇರಿದ ಮಿಗ್-21ಗೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಬೀಳ್ಕೊಡುಗೆ ಆಯ್ತಲ್ಲ, ಅವತ್ತು ರಾತ್ರಿ ನಾನೂ ಒಂದು ಸುತ್ತು ಹಾರಿಸಿದೆ. ಸು-25ಟಿ ಇಳಿಸಿದ ಅಭ್ಯಾಸದಲ್ಲಿ ನೆಲಕ್ಕಿಂತ ಮೊದಲೇ ಥ್ರಾಟಲ್ ಪೂರ್ತಿ ಎಳೆದೆ, ಕಲ್ಲಿನ ಹಾಗೆ ಬಿತ್ತು. ಮಿಗ್-21ರ ಫ್ಲ್ಯಾಪ್ ಮೇಲೆ ಎಂಜಿನ್ನಿನಿಂದ ತಂದ ಗಾಳಿ ಊದುವ ವ್ಯವಸ್ಥೆ ಇದೆ. ಎಂಜಿನ್ ತಗ್ಗಿಸಿದರೆ ಆ ಗಾಳಿಯೂ ಹೋಯ್ತು, ಎತ್ತಿ ಹಿಡಿಯುವ ಬಲವೂ ಹೋಯ್ತು. ಇದರಲ್ಲಿ ಮಾತ್ರ ನೆಲ ಮುಟ್ಟುವ ತನಕ ಪವರ್ ಬಿಡಬೇಡಿ.

ಪ್ರಶ್ನೆ: ಹಾರುತ್ತಿರುವಾಗ ಕರೆಂಟ್ ಹೋದರೆ? 600 ವಿಎ ಯುಪಿಎಸ್ ಸಾಕಾ? (ಹಳೇ ಹುಬ್ಬಳ್ಳಿ)

ನನ್ನ ಗಾಯಕ್ಕೆ ಉಪ್ಪು ಹಾಕಿದಿರಿ. ಒಂದೂಮುಕ್ಕಾಲು ತಾಸು ಹಾರಿ, ಆಕಾಶದಲ್ಲೇ ಟ್ಯಾಂಕರ್ ವಿಮಾನದಿಂದ ಇಂಧನ ತುಂಬಿಸಿಕೊಂಡು, ಜೀವನದಲ್ಲಿ ಮೊದಲ ಸಲ ಆ ಪೈಪ್ ಸೇರಿತ್ತು, ವಾಪಸ್ ಬರುತ್ತಿದ್ದೆ, ಪಟ್ ಅಂತ ಕತ್ತಲು. ಹೊರಗಿನಿಂದ ಮನೆಯವರು ಬ್ಯಾಟರಿ ಎಲ್ಲಿಟ್ಟೀರಿ ಅಂತ ಕೇಳುತ್ತಿದ್ದಾರೆ, ನಾನು ಕತ್ತಲಲ್ಲಿ ಸ್ಟಿಕ್ ಹಿಡಿದು ಕೂತಿದ್ದೇನೆ.

600 ವಿಎ ಅಂದರೆ ಸಾಮಾನ್ಯವಾಗಿ 360 ವಾಟ್ ಮಾತ್ರ. ಗೇಮಿಂಗ್ ಕಂಪ್ಯೂಟರ್ ಜೊತೆ ಮಾನಿಟರ್ ಸೇರಿದರೆ ಅದನ್ನು ದಾಟಿಬಿಡಬಹುದು, ಆಗ ಯುಪಿಎಸ್ ಕುಂಯ್ ಅಂದು ಅದೂ ಮಲಗುತ್ತದೆ. 1000 ವಿಎ ತಗೊಳ್ಳಿ, ಡಬ್ಬಿಯ ಮೇಲೆ ವಾಟ್ ಎಷ್ಟು ಅಂತ ಓದಿ ತಗೊಳ್ಳಿ. ಪ್ರಿಂಟರ್, ಸ್ಪೀಕರ್ ಅದಕ್ಕೆ ಚುಚ್ಚಬೇಡಿ. ಐದು ನಿಮಿಷ ಸಿಕ್ಕರೂ ಹತ್ತಿರದ ಯಾವುದಾದರೊಂದು ರನ್‌ವೇಗೆ ಇಳಿಸಿಬಿಡಬಹುದು.