ಸ್ಪ್ಲೈಸಿಂಗ್ ಮಷಿನ್ ಕದ್ದವರ ಕೈಯಲ್ಲಿ ಓಡದಂತೆ ಮಾಡಬಹುದೇ?

ಪ್ರಶ್ನೆ: ಕುಮಟಾ, ಅಂಕೋಲಾ ಕಡೆ ಫೈಬರ್ ಕೇಬಲ್ ಜಾಯಿಂಟ್ ಕೆಲಸ ಗುತ್ತಿಗೆ ಹಿಡಿದು ಮಾಡಿಸುತ್ತೇನೆ. ಹುಡುಗರು ಊಟಕ್ಕೆ ಹೋದಾಗ ವ್ಯಾನಿನಿಂದ ಸ್ಪ್ಲೈಸಿಂಗ್ ಮಷಿನ್ (ಫೈಬರ್ ತುದಿಗಳನ್ನು ಕರಗಿಸಿ ಬೆಸೆಯುವ ಯಂತ್ರ) ಕಳುವಾಯಿತು. ದೂರದಿಂದಲೇ ಲಾಕ್ ಮಾಡುವ ಮಾಡೆಲ್ ತಗೊಳ್ಳಿ ಎಂದು ಎಲ್ಲರೂ ಹೇಳುತ್ತಿದ್ದಾರೆ. ಆದರೆ ಘಟ್ಟದಲ್ಲಿ ಸಿಗ್ನಲ್ಲೇ ಸಿಗುವುದಿಲ್ಲ. ಲಾಕ್ ಆಗುವುದು ಹೇಗೆ? — ಓದುಗರು, ಕುಮಟಾ

ಉತ್ತರ: ಲಾಕ್ ಇರುವುದನ್ನೇ ತಗೊಳ್ಳಿ. ಆದರೆ ಎಂಥ ಲಾಕ್ ಎಂದು ಕೇಳಿಕೊಂಡು ತಗೊಳ್ಳಿ. ಫುಜಿಕುರಾ, ಸುಮಿಟೊಮೊ ಕಂಪನಿಗಳ ಕೆಲವು ಹೊಸ ಮಾಡೆಲ್‌ಗಳು ಮೊಬೈಲ್ ಆ್ಯಪ್ ಜೊತೆ ಸೇರಿ ಕೆಲಸ ಮಾಡುತ್ತವೆ. ಇಲ್ಲೇ ಜಾಸ್ತಿ ಜನ ತಪ್ಪು ತಿಳಿಯುವುದು. ಇಂಥ ಮಷಿನ್‌ಗಳಲ್ಲಿ ಸಾಮಾನ್ಯವಾಗಿ ಸಿಮ್ ಇರುವುದಿಲ್ಲ. ಬ್ಲೂಟೂತ್ ಅಥವಾ ವೈಫೈ ಮೂಲಕ ಹತ್ತಿರದ ಮೊಬೈಲ್‌ಗೆ ಸೇರಿಕೊಳ್ಳುತ್ತವೆ, ಆ ಮೊಬೈಲ್‌ಗೆ ಇಂಟರ್ನೆಟ್ ಇರುತ್ತದೆ. ಇವು ಸಾಮಾನ್ಯವಾಗಿ ಹತ್ತಾರು ಮೀಟರ್ ದೂರ ಹೋಗುತ್ತವೆ, ಅಷ್ಟೇ. ಕಳ್ಳ ಮಾಜಾಳಿ ದಾಟಿ ಗೋವಾ ಸೇರಿದ ಮೇಲೆ ಕುಮಟಾದಲ್ಲಿ ಕೂತು ಬಟನ್ ಒತ್ತಿದರೆ ಏನೂ ಆಗುವುದಿಲ್ಲ.

ನಿಮ್ಮ ಕೆಲಸಕ್ಕೆ ಹೊಂದುವುದು ಅವಧಿ ಲಾಕ್. ಇಷ್ಟು ದಿನ ಎಂದು ನೀವು ಮೊದಲೇ ಗೊತ್ತು ಮಾಡಿಡುತ್ತೀರಿ. ಆ ದಿನ ಮುಗಿಯುವುದರೊಳಗೆ ನಿಮ್ಮ ಖಾತೆಯಿಂದ ಅನುಮತಿ ಬರದಿದ್ದರೆ ಮಷಿನ್ ತಾನಾಗಿಯೇ ನಿಲ್ಲುತ್ತದೆ. ದಿನ ಎಣಿಸುವುದು ಮಷಿನ್ ಒಳಗಿನ ಗಡಿಯಾರ. ಹಾಗಾಗಿ ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಇಲ್ಲದಿದ್ದರೂ ಲಾಕ್ ಬೀಳುತ್ತದೆ. ಮಾರುವವರ ಮುಂದೆಯೇ ಒಂದು ಪರೀಕ್ಷೆ ಮಾಡಿ. ಲಾಕ್ ಹಾಕಿಸಿ, ಬ್ಯಾಟರಿ ತೆಗೆದು ಮತ್ತೆ ಹಾಕಿ, ಮೆನುವಿನಲ್ಲಿ ತಾರೀಖು ಹಿಂದಕ್ಕೆ ತಿರುಗಿಸಿ ನೋಡಿ. ಫ್ಯಾಕ್ಟರಿ ರಿಸೆಟ್ ಕೂಡ ಕೊಟ್ಟು ನೋಡಿ. ಯಾವುದಕ್ಕಾದರೂ ಲಾಕ್ ಬಿಟ್ಟುಕೊಂಡರೆ ಅದಕ್ಕೆ ಹೆಚ್ಚಿನ ದುಡ್ಡು ಕೊಡಬೇಡಿ.

ಎಷ್ಟು ದಿನ ಇಡಬೇಕು? ಒಂದೇ ದಿನ ಇಟ್ಟರೆ ತೊಂದರೆ ನಿಮಗೇ. ಜೂನ್, ಜುಲೈ ಮಳೆಯಲ್ಲಿ ಮರ ಬಿದ್ದು ಕೇಬಲ್ ತುಂಡಾಗಿರುತ್ತದೆ. ರಾತ್ರಿ ಹುಡುಗರು ಟಾರ್ಪಾಲ್ ಕೆಳಗೆ ಕೂತು ಒಂದೊಂದೇ ಕೋರ್ (ಕೇಬಲ್ ಒಳಗಿನ ಗಾಜಿನ ಎಳೆ) ಸುಲಿದು, ಒರೆಸಿ, ಕತ್ತರಿಸಿ ಇಡುತ್ತಿರುತ್ತಾರೆ. ಅರ್ಧ ಜಾಯಿಂಟ್ ಮುಗಿದಿದೆ ಎನ್ನುವಾಗ ಮಷಿನ್ ಅನುಮತಿ ಕೇಳಿದರೆ, ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬೇಕು. ಮಳೆಗಾಲಕ್ಕೆ ಒಂದು ವಾರ, ಬೇಸಿಗೆಯಲ್ಲಿ ಎರಡು ಮೂರು ದಿನ ಇಟ್ಟರೆ ಸಾಕು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಮಾತು, ಇದು ಬಹಳ ಮುಖ್ಯ. ಆ್ಯಪ್ ಖಾತೆ ನಿಮ್ಮ ಹೆಸರಿನಲ್ಲಿ, ನಿಮ್ಮ ಇಮೇಲ್‌ನಲ್ಲಿ ಇರಲಿ. ಎಷ್ಟೋ ಕಡೆ ಮಷಿನ್ ಬಂದ ದಿನ ಯಾರೋ ಹುಡುಗ ತನ್ನ ಮೊಬೈಲ್‌ನಲ್ಲಿ ಸುಮ್ನೆ ನೋಂದಾಯಿಸಿಬಿಡುತ್ತಾನೆ. ಅವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋದರೆ ಬೀಗದ ಕೈ ಅವನ ಜೊತೆಗೇ ಹೋದಂತೆ, ಅಲ್ವಾ?

ಲಾಕ್ ಇದ್ದರೂ ಕಳ್ಳ ಎತ್ತಿಕೊಂಡು ಹೋಗಬಹುದು. ಅವನಿಗೆ ಕಾಣುವುದು ಪೆಟ್ಟಿಗೆ ಮಾತ್ರ. ಅದಕ್ಕೇ ಪೆಟ್ಟಿಗೆಯ ಮೇಲೂ ಮಷಿನ್ ಮೈಮೇಲೂ ‘ಲಾಕ್ ಇದೆ, ಮಾಲೀಕರಿಲ್ಲದೆ ಓಡುವುದಿಲ್ಲ’ ಎಂದು ದೊಡ್ಡದಾಗಿ ಬರೆಸಿ. ಕನ್ನಡದಲ್ಲೂ ಹಿಂದಿಯಲ್ಲೂ ಇರಲಿ. ಊಟಕ್ಕೆ ಹೋಗುವಾಗ ಪೆಟ್ಟಿಗೆಯೂ ಒಳಗೆ ಬರಲಿ. ಓಟಿಡಿಆರ್ (ಕೇಬಲ್ ಎಲ್ಲಿ ತುಂಡಾಗಿದೆ ಎಂದು ತೋರಿಸುವ ಉಪಕರಣ), ಕ್ಲೀವರ್ (ಫೈಬರ್ ತುದಿ ಕತ್ತರಿಸುವ ಉಪಕರಣ) ಕೂಡ ಹಾಗೆಯೇ. ಕ್ಲೀವರ್‌ಗೆ ಯಾವ ಲಾಕೂ ಇಲ್ಲ, ಜೇಬಿನಲ್ಲಿ ಹೋಗುವಷ್ಟು ಚಿಕ್ಕದು. ವಿಮೆ ಮಾಡಿಸುವುದಾದರೆ, ಕಾಯುವವರಿಲ್ಲದ ಗಾಡಿಯಿಂದ ಹೋದ ಮಾಲಿಗೆ ಪರಿಹಾರ ಇದೆಯೋ ಇಲ್ಲವೋ ಎಂದು ಪಾಲಿಸಿಯಲ್ಲೇ ಓದಿ. ಎಷ್ಟೋ ಪಾಲಿಸಿಗಳು ಅದನ್ನು ಹೊರಗಿಡುತ್ತವೆ. ಆ ನಷ್ಟವನ್ನು ಹುಡುಗರ ಸಂಬಳದಲ್ಲಿ ಹಿಡಿಯಬೇಡಿ ಎಂದು ಕೇಳಿಕೊಳ್ಳುತ್ತೇನೆ. ಲಕ್ಷಗಟ್ಟಲೆ ಬೆಲೆಯ ಮಷಿನ್ನು, ತಿಂಗಳ ಸಂಬಳದವರು ಅದನ್ನು ಯಾವಾಗ ತೀರಿಸಿಯಾರು?

ಈಗ ಹೋಗಿರುವ ಮಷಿನ್ ವಿಚಾರ. ಬಿಲ್ಲಿನಿಂದ ಸೀರಿಯಲ್ ನಂಬರ್ ತೆಗೆದು ಠಾಣೆಯಲ್ಲಿ ಎಫ್‌ಐಆರ್ ಮಾಡಿಸಿ. 2024ರ ಜುಲೈ 1ರಿಂದ ಜಾರಿಯಾದ ಕಾನೂನಿನಲ್ಲಿ ಆನ್‌ಲೈನ್ ಮೂಲಕವೂ ದೂರು ಕೊಡಬಹುದು, 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಮೊಬೈಲ್ ಬ್ಲಾಕ್ ಮಾಡುವ ಸಂಚಾರ ಸಾಥಿ ಇದಕ್ಕೆ ಉಪಯೋಗವಿಲ್ಲ, ಅದು ಮೊಬೈಲ್‌ಗಳಿಗೆ ಇರುವ ಐಎಂಇಐ ಗುರುತಿನ ನಂಬರಿನ ಮೇಲೆ ನಡೆಯುವ ವ್ಯವಸ್ಥೆ. ಅದೇ ಸೀರಿಯಲ್ ನಂಬರನ್ನು ಕಂಪನಿಯ ಸರ್ವಿಸ್ ಸೆಂಟರ್‌ಗೂ ಇಮೇಲ್ ಮಾಡಿ. ಫೈಬರ್ ಕರಗಿಸುವ ಕಿಡಿ ಕೊಡುವ ಎಲೆಕ್ಟ್ರೋಡ್ ಸವೆಯುತ್ತದೆ, ಫೈಬರ್ ಕೂರಿಸುವ ಗೀರು ಅಂದರೆ ವಿ-ಗ್ರೂವ್‌ನಲ್ಲಿ ಧೂಳು ಕೂರುತ್ತದೆ, ಜಾಯಿಂಟ್‌ನಲ್ಲಿ ಬೆಳಕಿನ ನಷ್ಟ ಜಾಸ್ತಿ ತೋರಿಸಲು ಶುರುವಾಗುತ್ತದೆ. ಆಗ ಕೊಂಡವರು ಸರ್ವಿಸ್‌ಗೆ ತರುವ ಸಾಧ್ಯತೆ ಇದೆ.

ಪ್ರಶ್ನೆ: ಶಿರಸಿಯಲ್ಲಿ ಸಣ್ಣ ಕೇಬಲ್ ಆಪರೇಟರ್ ನಾನು. ಅರ್ಧ ಬೆಲೆಗೆ ಹಳೆ ಮಷಿನ್ ಸಿಗುತ್ತಿದೆ, ಬಿಲ್ ಇಲ್ಲವಂತೆ. ತಗೊಳ್ಳಲೇ?

ಉತ್ತರ: ಬೇಡ. ಇವತ್ತು ನಿಮ್ಮ ಮುಂದೆ ಚೆನ್ನಾಗಿಯೇ ಓಡುತ್ತದೆ, ಅವಧಿ ಮುಗಿದ ದಿನ ನಿಂತುಬಿಡಬಹುದು. ಕಳುವಿನ ಮಾಲು ಎಂದು ಗೊತ್ತಿದ್ದು, ಅಥವಾ ಹಾಗೆಂದು ನಂಬಲು ಕಾರಣವಿದ್ದೂ ಕೊಂಡರೆ, ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ 3 ವರ್ಷದವರೆಗೆ ಶಿಕ್ಷೆ ಇದೆ. ಅರ್ಧ ಬೆಲೆ, ಬಿಲ್ಲೂ ಇಲ್ಲ ಎಂದರೆ ಹಾಗೆ ನಂಬಲು ಇನ್ನೇನು ಕಾರಣ ಬೇಕು? ಹಳೆಯದೇ ಬೇಕಿದ್ದರೆ ಬಿಲ್ ಕೊಡುವವರಿಂದ ತಗೊಳ್ಳಿ. ದುಡ್ಡು ಕೊಡುವ ಮೊದಲು ಅವರ ಖಾತೆಯಿಂದ ಮಷಿನ್ ಬಿಡಿಸಿ, ನಿಮ್ಮ ಖಾತೆಗೆ ಸೇರಿಸಿಕೊಳ್ಳಿ.